ಡಿಕ್ಷನರಿ ಒಂದು ಸಾಕು, ಕಾರ್ಡ್ ನಿಮ್ಮದೇ ಇರಲಿ

ಚೀನೀ ಕಲಿಯುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಉತ್ತರಕ್ಕೆ ಮೊದಲು ನನ್ನ ಬಗ್ಗೆ ಎರಡು ಮಾತು, ಯಾಕಂದ್ರೆ ನಾನು ಟೀಚರ್ ಅಲ್ಲ. ಗುವಾಂಗ್‌ಝೌನಲ್ಲಿ ಆರು ವರ್ಷ ಒಂದು ಖರೀದಿ ಆಫೀಸಿನಲ್ಲಿದ್ದೆ. ಈಗ ಪೀಣ್ಯದಲ್ಲಿ ಚೀನಾದ ಮೆಷಿನ್ ಬಂದಿಳಿದಾಗ, ಅದನ್ನು ಕೂರಿಸಲು ಬರುವ ಇಂಜಿನಿಯರ್‌ಗೂ ನಮ್ಮ ಫಿಟ್ಟರ್‌ಗಳಿಗೂ ನಡುವೆ ನಿಂತು ಮಾತು ದಾಟಿಸುತ್ತೇನೆ. ಭಾಷೆ ಕಲಿತದ್ದು ಹೊಟ್ಟೆಪಾಡಿಗೆ. ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲುತ್ತವೆ.

ಪ್ರಶ್ನೆ: ನನ್ನದು ಫ್ಯಾನ್ಸಿ ಸ್ಟೋರ್. ಸಾಮಾನು ನೋಡಲು ಮೊದಲ ಸಲ ಚೀನಾದ ಯೀವೂ ಮಾರ್ಕೆಟ್‌ಗೆ ಹೊರಟಿದ್ದೇನೆ. ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಇದೆ. ಬೇರೆ ಡಿಕ್ಷನರಿ ಯಾಕೆ ಬೇಕು? – ಅಂಗಡಿ ಮಾಲೀಕರು, ತುಮಕೂರು

ಅಲ್ಲಿನ ಸಿಮ್ ಹಾಕಿಕೊಂಡರೆ, ಇಲ್ಲಾ ಹೋಟೆಲ್ ವೈಫೈ ಹಿಡಿದರೆ ಗೂಗಲ್ ತೆರೆಯುವುದೇ ಇಲ್ಲ. ಪ್ಲೇ ಸ್ಟೋರ್ ಕೂಡ ಅಷ್ಟೇ. ಅಲ್ಲಿಯವರು ಬಳಸುವ ಬೈದು ಟ್ರಾನ್ಸ್‌ಲೇಟ್ ಹಾಕಿಕೊಳ್ಳೋಣ ಅಂದರೆ, 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಒಂದು. ಆದ್ದರಿಂದ ಇಂಟರ್ನೆಟ್ ಇಲ್ಲದೆ ಓಡುವ ಡಿಕ್ಷನರಿಯೊಂದನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ. ನಾನು ಹೇಳುವುದು ಪ್ಲೆಕೊ. ಸ್ಮಾರ್ಟ್‌ಫೋನ್ ಬರುವ ಮುಂಚೆ, ಪಾಮ್ ಅಂತ ಅಂಗೈ ಕಂಪ್ಯೂಟರ್ ಇತ್ತಲ್ವಾ, ಆ ಕಾಲದಿಂದಲೂ ಇರುವ ಡಿಕ್ಷನರಿ ಅದು. ಮೂಲ ಡಿಕ್ಷನರಿಗೆ ದುಡ್ಡಿಲ್ಲ. ಕ್ಯಾಮೆರಾ ಹಿಡಿದು ಬೋರ್ಡ್ ಓದಿಸುವುದಕ್ಕೆ, ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇಟ್ಟು ನೆನಪಿಡುವ ಕಾರ್ಡ್ ಮಾಡಿಕೊಳ್ಳುವುದಕ್ಕೆ ಬೇರೆ ದುಡ್ಡು. ನಿಮಗೆ ಕ್ಯಾಮೆರಾ ಸೌಲಭ್ಯ ಕೊಳ್ಳುವುದು ದಂಡ ಅಲ್ಲ. ಉಳಿದದ್ದು ಈಗ ಬೇಡ.

ಆದರೆ ಅಸಲು ಕಾರಣ ಇದಲ್ಲ. ಟ್ರಾನ್ಸ್‌ಲೇಟ್ ಆಪ್ ನಿಮಗೆ ಒಂದು ವಾಕ್ಯ ಕೊಟ್ಟು ಸುಮ್ಮನಾಗುತ್ತದೆ. ಆ ಪದ ಇನ್ನೆಲ್ಲಿ ಓಡಾಡುತ್ತದೆ ಅಂತ ಹೇಳುವುದಿಲ್ಲ. 'ಖಾಯ್' ಅಂತ ಒಂದು ಪದ ಇದೆ. ಬಾಗಿಲು ತೆಗೆಯುವುದಕ್ಕೂ ಖಾಯ್, ಲೈಟ್ ಹಾಕುವುದಕ್ಕೂ ಖಾಯ್, ಕಾರ್ ಓಡಿಸುವುದಕ್ಕೂ ಖಾಯ್, ನೀರು ಕುದಿಯುವುದಕ್ಕೂ ಖಾಯ್, ಮೀಟಿಂಗ್ ಮಾಡುವುದಕ್ಕೂ ಖಾಯ್. ನಿಮಗೆ ಬೇಕಾದದ್ದು 'ಖಾಯ್ ಫ಼ಾಫ್ಯಾವ್', ಅಂದರೆ ಬಿಲ್ ಬರೆದುಕೊಡಿ ಅನ್ನುವುದು. ನಮ್ಮ 'ಹಾಕು' ನೆನೆಸಿಕೊಳ್ಳಿ. ಬಟ್ಟೆ ಹಾಕು, ಬೀಗ ಹಾಕು, ಪೆಟ್ರೋಲ್ ಹಾಕು, ಹಾಡು ಹಾಕು. ಇದನ್ನೆಲ್ಲ ಒಂದೇ ಕಡೆ ಉದಾಹರಣೆ ಸಮೇತ ತೋರಿಸುವುದು ಡಿಕ್ಷನರಿ. ಖಾಯ್ ಜೊತೆಗೆ 'ಮುಚ್ಚು' ಸೇರಿಸಿದರೆ ಸ್ವಿಚ್ ಆಗುತ್ತದೆ ಅಂತ ನಾನು ಕಲಿತದ್ದು ಹಾಗೆ ಒಂದು ಮಧ್ಯಾಹ್ನ ಸುಮ್ನೆ ಡಿಕ್ಷನರಿ ಕೆದಕುತ್ತಾ ಕೂತಾಗ.

ಇನ್ನೊಂದು, ಪ್ರತಿ ಪದದ ಪಕ್ಕದ ಸ್ಪೀಕರ್ ಒತ್ತಿ ಕೇಳಿ. 'ಮಾಯ್' ಅನ್ನುವುದನ್ನು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಬೀಳಿಸಿ ಹೇಳಿದರೆ ಮಾರುವುದು. ನಾನು ಮೊದಲ ವರ್ಷ ಒಂದು ಬಟನ್ ಅಂಗಡಿಯಲ್ಲಿ ನಿಂತು 'ನಾನು ಮಾರಬೇಕು, ಮಾರಬೇಕು' ಅಂತ ಐದು ನಿಮಿಷ ಹೇಳಿದ್ದೇನೆ. ಅಂಗಡಿಯಾಕೆ ಪಾಪ, ನನ್ನ ಬ್ಯಾಗಿನೊಳಗೆ ಏನಿದೆ ಅಂತ ಇಣುಕಿ ನೋಡಿದಳು. ನಾನು ಆಗ ಓದುತ್ತಿದ್ದ ಕಾರ್ಡ್‌ಗಳಲ್ಲಿ ಧ್ವನಿಯೇ ಇರಲಿಲ್ಲ.

ರೇಟು ಮಾತ್ರ ಬಾಯಲ್ಲಿ ಮುಗಿಸಬೇಡಿ. ಷಿ-ಸಿ ಅಂದರೆ ಹದಿನಾಲ್ಕು, ಸಿ-ಷಿ ಅಂದರೆ ನಲವತ್ತು. ದಕ್ಷಿಣದ ಕಡೆಯವರಲ್ಲಿ ಎಷ್ಟೋ ಜನ ಷಕಾರವನ್ನೂ ಸಕಾರ ಮಾಡಿಬಿಡುತ್ತಾರೆ. ಅಂಗಡಿಯವರೇ ಕ್ಯಾಲ್ಕುಲೇಟರ್ ಒತ್ತಿ ನಿಮ್ಮ ಮುಂದೆ ತಿರುಗಿಸುತ್ತಾರೆ. ನೀವೂ ಅದರಲ್ಲೇ ಚೌಕಾಸಿ ಮಾಡಿ.

ಪ್ರಶ್ನೆ: ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಎಚ್‌ಎಸ್‌ಕೆ ಅನ್ನುವ ಚೀನೀ ಭಾಷಾ ಪರೀಕ್ಷೆಯ 4ನೇ ಹಂತ ಪಾಸಾಗಬೇಕು. ಆಂಕಿ ಅನ್ನುವ ಕಾರ್ಡ್ ಆಪ್‌ನಲ್ಲಿ ಯಾರೋ ಮಾಡಿಟ್ಟ 5000 ಪದಗಳ ಡೆಕ್ (ಕಾರ್ಡ್‌ಗಳ ಕಟ್ಟು) ಹಾಕಿಕೊಂಡೆ. ಈಗ ದಿನಾ ಬೆಳಗ್ಗೆ 400 ಕಾರ್ಡ್ ಬಾಕಿ ಅಂತ ತೋರಿಸುತ್ತಿದೆ. ಆಪ್ ತೆರೆಯಲೇ ಭಯ. – ವಿದ್ಯಾರ್ಥಿ, ಹಾಸನ

ತಮ್ಮಾ, ನೀನು ಹತ್ತಿದ ಬಸ್ಸೇ ಬೇರೆ. ಆರು ಹಂತದ ಎಚ್‌ಎಸ್‌ಕೆಯಲ್ಲಿ 4ನೇ ಹಂತಕ್ಕೆ 1200 ಪದ. 5000 ಪದ ಇರುವುದು ಆರನೇ ಹಂತಕ್ಕೆ. 2021ರಲ್ಲಿ ಒಂಬತ್ತು ಹಂತಗಳ ಹೊಸ ಪಟ್ಟಿ ಬಂತು, ಅದರಲ್ಲಿ ಒಟ್ಟು 11,092 ಪದ. ನಿನ್ನ ಕಾಲೇಜು ಯಾವ ಪಟ್ಟಿ ಕೇಳುತ್ತದೆ ಅಂತ ಮೊದಲು ವಿಚಾರಿಸು.

ಆಂಕಿ ಒಳ್ಳೆಯದೇ. 2006ರಿಂದ ಇದೆ. ಹೆಸರು ಜಪಾನೀ, ಬಾಯಿಪಾಠ ಮಾಡುವುದು ಅಂತ ಅರ್ಥ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಪುಕ್ಕಟೆ, ಐಫೋನಿಗೆ ಮಾತ್ರ ದುಡ್ಡು. (ಅದೇ ಹೆಸರನ್ನು ಹೋಲುವ ಬೇರೆ ಆಪ್‌ಗಳಿವೆ, ನೋಡಿ ಹಾಕಿಕೋ.) ಗೊತ್ತಿರುವ ಕಾರ್ಡನ್ನು ದೂರ ತಳ್ಳುತ್ತದೆ, ಮರೆತದ್ದನ್ನು ನಾಳೆಯೇ ತಂದು ಮುಂದಿಡುತ್ತದೆ. ಅಷ್ಟೇ ಅದರ ಗುಟ್ಟು. ದಿನಕ್ಕೆ 20 ಹೊಸ ಕಾರ್ಡ್ ಅಂತ ಅದು ತಾನಾಗೇ ಇಟ್ಟಿರುತ್ತದೆ. ಇಪ್ಪತ್ತು ತಾನೇ ಅನಿಸುತ್ತದೆ. ಆದರೆ ಇವತ್ತಿನ ಇಪ್ಪತ್ತು ನಾಳೆಯೂ ಬರುತ್ತದೆ, ನಾಲ್ಕು ದಿನ ಬಿಟ್ಟೂ ಬರುತ್ತದೆ, ಚೀಟಿ ಬಡ್ಡಿ ಹಾಗೆ. ತಂಗಿ ಮದುವೆಗೆ ಅಂತ ಹತ್ತು ದಿನ ಊರಿಗೆ ಬಂದು ಹೋದ ಮೇಲೆ ನನ್ನದು 900 ದಾಟಿತ್ತು.

ಹೀಗೆ ಮಾಡು. ಹೊಸ ಕಾರ್ಡ್ ಸಂಖ್ಯೆಯನ್ನು ಸೊನ್ನೆಗೆ ಇಳಿಸು. ದಿನಾ 100 ಮಾತ್ರ ನೋಡು, ಬಾಕಿ ಕರಗಲಿ. ಪಟ್ಟಿಗೆ ಸೇರದ ಪದಗಳನ್ನು ಅಮಾನತಿನಲ್ಲಿಡು, ಅಳಿಸುವುದು ಬೇಡ. ಸೆಟ್ಟಿಂಗ್ಸ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಅಂತ ಇದ್ದರೆ ಆನ್ ಮಾಡು. 2023ರಲ್ಲಿ ಬಂದ ಹೊಸ ಲೆಕ್ಕಾಚಾರ ಅದು, ನೀನು ಮರೆಯುವ ರೀತಿ ನೋಡಿಕೊಂಡು ಕಾರ್ಡ್ ಕಳಿಸುತ್ತದೆ. ಆಮೇಲೆ ದಿನಕ್ಕೆ ಎಂಟು ಹೊಸ ಪದ, ಅದೂ ನೀನೇ ಮಾಡಿದ ಕಾರ್ಡ್.

ನೀನೇ ಯಾಕೆ ಮಾಡಬೇಕು? ಬೇರೆಯವರ ಡೆಕ್‌ನಲ್ಲಿ ಒಂಟಿ ಅಕ್ಷರಗಳೇ ತುಂಬಿರುತ್ತವೆ. 'ಪೂರ್ವ' ಅಂತ ಒಂದು ಕಾರ್ಡ್, 'ಪಶ್ಚಿಮ' ಅಂತ ಇನ್ನೊಂದು. ಎರಡನ್ನೂ ಉರು ಹೊಡೆದಿರುತ್ತೀಯ. ಆದರೆ ಆ ಎರಡು ಅಕ್ಷರ ಅಕ್ಕಪಕ್ಕ ಕೂತರೆ 'ತುಂಗ್‌ಶಿ', ಅರ್ಥ ವಸ್ತು, ಸಾಮಾನು. ದಿಕ್ಕಿಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ. ಹಾಗಾಗಿ ಪದ ಇರಲಿ, ಜೊತೆಗೆ ನೀನು ಆ ಪದ ಕೇಳಿದ ವಾಕ್ಯವೂ ಇರಲಿ. ವಾರ್ಡ್‌ನಲ್ಲಿ ಡಾಕ್ಟರ್ 'ನಾರ್ ಥಂಗ್?' ಅಂತ ಕೇಳುವುದನ್ನು ಕೇಳಿರುತ್ತೀಯಲ್ವಾ, ಎಲ್ಲಿ ನೋವು ಅಂತ. ಆ ಕಾರ್ಡ್ ಎರಡೇ ದಿನಕ್ಕೆ ಗಟ್ಟಿಯಾಗುತ್ತದೆ.

ಹಿಂಬದಿಯಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆ. ಇದು ಭಾಷಾಭಿಮಾನದ ಮಾತಲ್ಲ, ಲಾಭದ ಮಾತು. ರೋಗಿಯ ಜೊತೆ ಬಂದವರು ಯಾರು ಅಂತ ಕೇಳಿದರೆ ಪ್ವೊಪ್ವೊ, ಷುಷು, ಚ್ಯೋಚ್ಯೋ ಅಂತ ಮೂರು ಉತ್ತರ ಬರಬಹುದು. ಇಂಗ್ಲಿಷ್ ಬಾಯಿಗೆ ಮೂವರೂ ಅಂಕಲ್. ನಮಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ. ಹಿರಿಯರಿಗೆ ಬಳಸುವ 'ನಿನ್' ನಮ್ಮ ನೀವು, 'ನಿ' ನಮ್ಮ ನೀನು. ಪ್ಲೆಕೊ ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ. ಅದನ್ನು ನಕಲು ಮಾಡದೆ ಒಂದು ಕ್ಷಣ ನಿಂತು ಕನ್ನಡದ ಪದ ಹುಡುಕುತ್ತೀಯಲ್ಲ, ಅರ್ಧ ಕಲಿಕೆ ಅಲ್ಲೇ ಆಗಿಹೋಗುತ್ತದೆ.

ಪ್ರಶ್ನೆ: ಅಕ್ಷರಗಳನ್ನು ಕೈಯಲ್ಲಿ ಬರೆಯಲು ಕಲಿಯಲೇಬೇಕಾ? ಅದಕ್ಕೆ ಯಾವ ಆಪ್? – ಗೃಹಿಣಿ, ಉಡುಪಿ

ಪರೀಕ್ಷೆ ಇಲ್ಲದಿದ್ದರೆ ಎಲ್ಲವನ್ನೂ ಬೇಡ. ಫೋನಿನಲ್ಲಿ ಉಚ್ಚಾರಣೆ ಟೈಪ್ ಮಾಡಿದರೆ ಅಕ್ಷರ ತಾನಾಗೇ ಬರುತ್ತದೆ. ಆದರೆ ಮೊದಲ ನೂರಿನ್ನೂರು ಅಕ್ಷರ ಬರೆದು ಕಲಿಯಿರಿ. ಉಚ್ಚಾರಣೆ ಗೊತ್ತಿಲ್ಲದ ಅಕ್ಷರವನ್ನು ಹುಡುಕುವುದು ಹೇಗೆ? ಬೆರಳಲ್ಲಿ ಸ್ಕ್ರೀನ್ ಮೇಲೆ ಬರೆಯಬೇಕು. ಗೆರೆಗಳ ಕ್ರಮ ಗೊತ್ತಿದ್ದರೆ ಡಿಕ್ಷನರಿ ಬೇಗ ಹಿಡಿಯುತ್ತದೆ. ಕಣ್ಣೂ ಚುರುಕಾಗುತ್ತದೆ. ಈಗಿನ ಸರಳ ಲಿಪಿಯಲ್ಲಿ 'ಕೊಳ್ಳು' ಅನ್ನುವ ಅಕ್ಷರದ ತಲೆಯ ಮೇಲೆ ಪ್ಲಸ್ ಗುರುತಿನಂಥ 'ಹತ್ತು' ಕೂರಿಸಿದರೆ 'ಮಾರು' ಆಗುತ್ತದೆ. ಬರೆದವರಿಗೆ ಮರೆಯುವುದಿಲ್ಲ. ಬರವಣಿಗೆಗೇ ಅಂತ ಸ್ಕ್ರಿಟರ್ ಇದೆ, ಚಂದಾ ಕಟ್ಟಬೇಕು. ನಾನು ಎರಡು ತಿಂಗಳು ಕಟ್ಟಿ, ನನ್ನ ಸೋಮಾರಿತನಕ್ಕೆ ನಾಲ್ಕು ಗೆರೆಯ ಕಾಪಿ ಪುಸ್ತಕವೇ ಸಾಕು ಅಂತ ಬಿಟ್ಟೆ.

ಪ್ರಶ್ನೆ: ನನಗೆ 68. ಮಗ ಸಿಂಗಪುರದಲ್ಲಿದ್ದಾನೆ, ಸೊಸೆ ಅಲ್ಲಿನ ಚೀನೀ ಮನೆತನದವಳು. ಬೀಗರ ಜೊತೆ ನಾಲ್ಕು ಮಾತಾಡುವ ಆಸೆ. ಫೋನ್ ನೋಡಿದರೆ ಕಣ್ಣು ನೋಯುತ್ತದೆ. ಕಾಗದದ ಕಾರ್ಡ್ ನಡೆಯುತ್ತದೆಯೇ? ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಬಹುದೇ? – ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಅಮ್ಮಾ, ಎರಡಕ್ಕೂ ಹೂಂ. ಹಳೇ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ, ಗಟ್ಟಿ ಕಾರ್ಡ್ ಆಗುತ್ತದೆ. ಐದು ಡಬ್ಬಿ ಇಡಿ. ಹೊಸದೆಲ್ಲ ಮೊದಲನೇ ಡಬ್ಬಿಗೆ. ನೆನಪಾದರೆ ಮುಂದಿನ ಡಬ್ಬಿಗೆ ಬಡ್ತಿ, ಮರೆತರೆ ಮತ್ತೆ ಮೊದಲನೆಯದಕ್ಕೆ. ಮೊದಲನೆಯದನ್ನು ದಿನಾ ನೋಡಿ, ಕೊನೆಯದನ್ನು ತಿಂಗಳಿಗೊಮ್ಮೆ. 1972ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಬರೆದಿಟ್ಟ ವಿಧಾನ ಇದು. ಈಗಿನ ಆಪ್‌ಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಇನ್ನು ಕನ್ನಡ ಅಕ್ಷರ. ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ 1958ರಿಂದ ಚೀನಾದಲ್ಲೇ ಅಧಿಕೃತ, ಓದುವವರು ಅದನ್ನು ಕಲಿಯಲೇಬೇಕು. ಮಾತಿಗಷ್ಟೇ ಆದರೆ ನಮ್ಮ ವರ್ಗೀಯ ವ್ಯಂಜನ ಅದಕ್ಕಿಂತ ಚೆನ್ನಾಗಿ ಕೂರುತ್ತದೆ. ಪಿನ್‌ಯಿನ್‌ನಲ್ಲಿ 'ಬಿ' ಅಂತ ಬರೆದರೂ ಬಾಯಲ್ಲಿ ಬರುವುದು ನಮ್ಮ ಪ. ಅಲ್ಲಿ 'ಪಿ' ಅಂತ ಬರೆದದ್ದು ನಮ್ಮ ಮಹಾಪ್ರಾಣ ಫ. ಹಾಗೇ ತ-ಥ, ಕ-ಖ, ಚ-ಛ. ಅವರಿಗೆ ಗಾಳಿ ಬಂತಾ ಇಲ್ವಾ ಅನ್ನುವುದೇ ಮುಖ್ಯ. ಮೇಲಿನ ಉತ್ತರಗಳಲ್ಲಿ ನಾನು ಖಾಯ್, ಥಂಗ್ ಅಂತ ಬರೆದದ್ದು ಇದಕ್ಕೇ. ನಿಮ್ಮ ಕ್ಲಾಸಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಿದ್ದಿಸಿದ ಅಭ್ಯಾಸ ಈಗ ನಿಮ್ಮ ಕೈಗೇ ಬಂತು ನೋಡಿ. 'ಫ್ಯಾನ್' ಅನ್ನುವಾಗಿನ ಫಕಾರವೂ ಅವರಲ್ಲಿದೆ, ಅದಕ್ಕೆ ಕೆಳಗೆ ಎರಡು ಚುಕ್ಕೆ ಇಡಿ, ಫ಼. ಧ್ವನಿಯ ಏರಿಳಿತಕ್ಕೆ ಅಕ್ಷರದ ಮೇಲೆ ಗೆರೆ ಎಳೆಯಿರಿ. ಸಮ, ಏರು, ತಗ್ಗು, ಬೀಳು, ನಾಲ್ಕೇ. ಕಾರ್ಡ್ ಬರೆಯುವ ಮುಂಚೆ ಸೊಸೆಯ ಹತ್ತಿರ ವಾಟ್ಸಾಪ್‌ನಲ್ಲಿ ಆ ಮಾತು ಹೇಳಿಸಿ ಕಳಿಸಿಕೊಳ್ಳಿ. ಕಿವಿಗೆ ಬೀಳದ ಕಾರ್ಡ್ ಮಾಡಬೇಡಿ.

ಮೊದಲ ಕಾರ್ಡ್ ನಾನೇ ಕೊಡುತ್ತೇನೆ. ಮುಂದುಗಡೆ 'ಛಿಂಗ್‌ಚ್ಯಾ', ಛಿಂಗ್ ಮೇಲೆ ಬೀಳುವ ಗೆರೆ, ಚ್ಯಾ ಹಗುರ, ಅದಕ್ಕೆ ಗೆರೆ ಬೇಡ. ಮಗನ ಇಲ್ಲವೇ ಮಗಳ ಅತ್ತೆಮಾವ ಅಂತ ಇಂಗ್ಲಿಷ್ ಡಿಕ್ಷನರಿ ಸುತ್ತಿ ಬಳಸಿ ಒಂದು ಸಾಲು ಬರೆಯುತ್ತದೆ. ನೀವು ಹಿಂದುಗಡೆ 'ಬೀಗರು' ಅಂತ ಬರೆಯಿರಿ.