ಮಾತು ಬಾಯಿಪಾಠ ಆಗಿದೆ, ಪಾತ್ರ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಹವ್ಯಾಸಿ ನಾಟಕ ತಂಡ ಸೇರಿ ಎಂಟು ತಿಂಗಳಾಯಿತು. ಈಗ ಇಬ್ಬಿಬ್ಬರಿಗೆ ಒಂದೊಂದು ದೃಶ್ಯ ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದಾರೆ. ನನಗೆ ಸಿಕ್ಕಿರುವುದು ರಷ್ಯಾದ ನಾಟಕಕಾರ ಚೆಕಾಫ್‌ನ ‘ದಿ ಚೆರ್ರಿ ಆರ್ಚರ್ಡ್’ ನಾಟಕದ ಕೊನೆಯ ಅಂಕದಲ್ಲಿ ವಾರ್ಯಾ ಮತ್ತು ಲೊಪಾಖಿನ್ ಇಬ್ಬರೇ ಇರುವ ಪುಟ್ಟ ದೃಶ್ಯ. ನಾನು ವಾರ್ಯಾ. ಮಾತೆಲ್ಲ ಬಾಯಿಪಾಠ ಆಗಿದೆ. ಆದರೂ ಪ್ರತಿ ಸಲ ನಿರ್ದೇಶಕರು ‘ನಟಿಸ್ತಿದ್ದೀಯಮ್ಮ, ನಟಿಸಬೇಡ’ ಅನ್ನುತ್ತಾರೆ. ನಟನೆ ಕಲಿಯಲು ಬಂದವಳಿಗೆ ನಟಿಸಬೇಡ ಅಂದರೆ ಏನರ್ಥ? ಆ ದೃಶ್ಯದಲ್ಲಿ ಇರುವುದೇ ನಾಲ್ಕು ಮಾತು. ಅದರಲ್ಲೂ ಅರ್ಧ ಚಳಿಯ ವಿಷಯ. ಅಷ್ಟರಲ್ಲಿ ದುಃಖ ಎಲ್ಲಿಂದ ತರಲಿ?

ಉತ್ತರ: ನಿಮ್ಮ ನಿರ್ದೇಶಕರು ಹೇಳಿದ್ದು ಸರಿ. ಆದರೆ ಏನು ಮಾಡಬಾರದು ಅಂತ ಹೇಳಿದರೇ ಹೊರತು, ಬದಲಿಗೆ ಏನು ಮಾಡಬೇಕು ಅಂತ ಹೇಳಿಲ್ಲ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ.

ನಿಮ್ಮ ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ‘ದುಃಖ ಎಲ್ಲಿಂದ ತರಲಿ?’ ನೀವು ರಂಗದ ಮೇಲೆ ಕಾಲಿಡುವಾಗಲೇ ದುಃಖ ಹೊತ್ತುಕೊಂಡು ಬರುತ್ತಿದ್ದೀರಿ. ವಾರ್ಯಾ ಹಾಗೆ ಬರುವುದಿಲ್ಲ. ಅವಳು ಆಸೆ ಇಟ್ಟುಕೊಂಡು ಬರುತ್ತಾಳೆ. ದೃಶ್ಯ ಹೇಗೆ ಮುಗಿಯುತ್ತದೆ ಅನ್ನುವುದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಸದ್ಯಕ್ಕೆ ದೃಶ್ಯವನ್ನು ಪಕ್ಕಕ್ಕಿಟ್ಟು ಇಡೀ ನಾಟಕ ಓದಿ. ಒಂದು ಹಾಳೆಯಲ್ಲಿ ವಾರ್ಯಾಳ ಬಗ್ಗೆ ನಾಟಕದಲ್ಲಿ ಇರುವುದನ್ನು ಮಾತ್ರ ಬರೆಯಿರಿ. ನಿಮ್ಮ ಅನಿಸಿಕೆ ಬೇಡ, ಬರೀ ಸಂಗತಿ ಸಾಕು. ವಯಸ್ಸು 24. ಚೆರ್ರಿ ತೋಟದ ಒಡೆಯರ ಮನೆಯ ಸಾಕುಮಗಳು. ಮನೆಯ ಬೀಗದ ಕೈ ಗೊಂಚಲು ಸದಾ ಅವಳ ಸೊಂಟದಲ್ಲಿ. ಎರಡು ವರ್ಷದಿಂದ ಎಲ್ಲರೂ ಅವಳಿಗೂ ವ್ಯಾಪಾರಿ ಲೊಪಾಖಿನ್‌ಗೂ ಮದುವೆ ಅಂತ ಮಾತಾಡುತ್ತಿದ್ದಾರೆ, ಅವನೊಬ್ಬ ಬಾಯಿ ಬಿಡುತ್ತಿಲ್ಲ. ಆಗಸ್ಟ್ 22ಕ್ಕೆ ತೋಟ ಹರಾಜಾಯಿತು. ಕೊಂಡವನು ಅದೇ ಲೊಪಾಖಿನ್. ಅದನ್ನು ಕೇಳಿದ ಕ್ಷಣ ಅವಳು ಬೀಗದ ಕೈ ಗೊಂಚಲು ಬಿಚ್ಚಿ ನೆಲಕ್ಕೆ ಎಸೆದು ಹೋದಳು. ಈಗ ಅಕ್ಟೋಬರ್. ಗಂಟುಮೂಟೆ ಕಟ್ಟಿಯಾಗಿದೆ. ಇನ್ನೇನು ರೈಲಿಗೆ ಹೊರಡಬೇಕು. ಅವಳಿಗೆ ಇನ್ನು ಮುಂದೆ ಬೇರೆಯವರ ಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸ.

ಇದನ್ನೇ ರಷ್ಯಾದ ರಂಗನಿರ್ದೇಶಕ, ನಟನೆಯ ಗುರು ಸ್ಟ್ಯಾನಿಸ್ಲಾವ್‌ಸ್ಕಿ ‘ಕೊಟ್ಟಿರುವ ಸಂದರ್ಭ’ ಎಂದು ಕರೆದರು. ನಾಟಕಕಾರ ಕೊಟ್ಟಿದ್ದು, ನಾವು ಕಟ್ಟಿಕೊಂಡದ್ದಲ್ಲ. ಈ ಹಾಳೆ ತುಂಬುವವರೆಗೆ ಎದ್ದು ನಿಂತು ತಾಲೀಮು ಮಾಡುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಣ್ಣ ಸೂಚನೆ ಇದೆ, ಓದುವಾಗ ಸುಲಭವಾಗಿ ಕಣ್ತಪ್ಪುತ್ತದೆ. ವಾರ್ಯಾ ಒಳಗೆ ಬರುವ ಮುಂಚೆ ಬಾಗಿಲ ಹಿಂದೆ ತಡೆಹಿಡಿದ ನಗು, ಪಿಸುಮಾತು ಕೇಳಬೇಕು ಅಂತ ಚೆಕಾಫ್ ಬರೆದಿದ್ದಾನೆ. ಅಂದರೆ ಮನೆಯವರು ಅವಳನ್ನು ‘ಹೋಗು ಹೋಗು’ ಅಂತ ತಳ್ಳುತ್ತಿದ್ದಾರೆ. ಅವನು ಇವತ್ತು ಕೇಳಬಹುದು ಅನ್ನುವುದು ಅವಳಿಗೆ ಗೊತ್ತು. ಇಷ್ಟು ತಿಳಿದ ಮೇಲೆ ನಿಮ್ಮ ಎಂಟ್ರಿಯೇ ಬದಲಾಗುತ್ತದೆ ಅಲ್ವಾ?

ಈಗ ಮುಖ್ಯ ಪ್ರಶ್ನೆ. ಈ ಎರಡು ಮೂರು ನಿಮಿಷದಲ್ಲಿ ವಾರ್ಯಾಗೆ ಎದುರಿಗಿರುವವನಿಂದ ಏನು ಬೇಕು? ‘ಪ್ರೀತಿ ಬೇಕು’, ‘ನೆಮ್ಮದಿ ಬೇಕು’ ಅಂತ ಬರೆಯಬೇಡಿ. ಅದನ್ನಿಟ್ಟುಕೊಂಡು ರಂಗದ ಮೇಲೆ ಏನೂ ಮಾಡಲು ಆಗುವುದಿಲ್ಲ. ‘ಅವನ ಬಾಯಿಂದ ಆ ಒಂದು ಮಾತು ಹೊರಡಬೇಕು’ ಅಂತ ಬರೆಯಿರಿ. ಅದು ಸಿಕ್ಕಿತೋ ಇಲ್ಲವೋ ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಆಗ ನೀವು ತಾನಾಗಿಯೇ ಅವನನ್ನು ನೋಡುತ್ತೀರಿ, ಅವನ ಮಾತಿಗೆ ಕಿವಿ ಕೊಡುತ್ತೀರಿ. ಅವಳಿಗಿರುವ ಅಡ್ಡಿಯನ್ನೂ ಬರೆದುಕೊಳ್ಳಿ. ತಾನಾಗಿ ಹೋಗಿ ಅವನನ್ನು ಕೇಳಲು ಆಗುವುದಿಲ್ಲ ಅಂತ ಹಿಂದಿನ ಅಂಕದಲ್ಲೇ ಅವಳು ತಾಯಿಗೆ ಹೇಳಿದ್ದಾಳೆ. ಆದ್ದರಿಂದಲೇ ಅವಳು ಗಂಟುಮೂಟೆಯಲ್ಲಿ ಏನನ್ನೋ ಹುಡುಕುತ್ತಾ ನಿಲ್ಲುತ್ತಾಳೆ. ಆ ಹುಡುಕಾಟ ಅವನಿಗೆ ಕೊಡುತ್ತಿರುವ ಸಮಯ.

ಇನ್ನು ನೀವು ‘ಚಳಿಯ ವಿಷಯ’ ಅಂದಿರಲ್ಲ, ಅದಕ್ಕೆ ಬರೋಣ. ಹೋದ ವರ್ಷ ಈ ಹೊತ್ತಿಗೆ ಹಿಮ ಬೀಳುತ್ತಿತ್ತು, ಈಗ ಬಿಸಿಲಿದೆ, ಆದರೆ ಚಳಿ, ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ ಅನ್ನುತ್ತಾನೆ ಲೊಪಾಖಿನ್. ತಾನು ನೋಡಲಿಲ್ಲ ಅನ್ನುತ್ತಾಳೆ ವಾರ್ಯಾ. ಆಮೇಲೆ ಒಂದು ಮೌನ. ಆಮೇಲೆ ಅವಳೇ ಸೇರಿಸುತ್ತಾಳೆ: ನಮ್ಮ ಥರ್ಮಾಮೀಟರ್ ಬೇರೆ ಒಡೆದುಹೋಗಿದೆ. ಈ ಎರಡನೇ ಮಾತು ಯಾಕೆ? ಆ ಹೊತ್ತಿನಲ್ಲಿ ಯಾರಿಗೆ ಬೇಕು ಥರ್ಮಾಮೀಟರ್! ಮಾತು ನಿಂತರೆ ಅವನು ಹೊರಟುಬಿಡುತ್ತಾನೆ ಅನ್ನುವ ಭಯ ಅವಳಿಗೆ. ಕೈಗೆ ಸಿಕ್ಕ ಮಾತನ್ನು ಎತ್ತಿಕೊಂಡು ಅವನನ್ನು ಇನ್ನರ್ಧ ನಿಮಿಷ ಕೋಣೆಯಲ್ಲಿ ಉಳಿಸಿಕೊಳ್ಳಲು ನೋಡುತ್ತಾಳೆ. ನಾನು ಈ ದೃಶ್ಯವನ್ನು ಓದುವುದು ಹೀಗೆ. ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗುತ್ತಾರೆ. ಆ ಕೂಗಿಗೇ ಕಾದಿದ್ದವನ ಹಾಗೆ ಅವನು ಬೇಗ ಹೊರಟುಹೋಗುತ್ತಾನೆ. ಅವಳು ನೆಲದ ಮೇಲೆ ಕೂತು, ಬಟ್ಟೆಗಂಟಿನ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಅಳುತ್ತಾಳೆ.

ಅಳು ಇರುವುದು ಅಲ್ಲಿ, ಅವನು ಹೋದ ಮೇಲೆ. ನೀವು ಮೊದಲ ಮಾತಿಗೇ ಕಣ್ಣು ತುಂಬಿಕೊಂಡರೆ ಪ್ರೇಕ್ಷಕರಿಗೆ ಕಾಯಲು ಏನೂ ಉಳಿಯುವುದಿಲ್ಲ. ಚೆಕಾಫ್ ಈ ನಾಟಕವನ್ನು ಕಾಮಿಡಿ ಅಂತಲೇ ಕರೆದಿದ್ದ. 1904ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಇದನ್ನು ಮೊದಲು ಆಡಿದಾಗ ತುಂಬ ಅಳುಬುರುಕ ಮಾಡಿದರು ಅನ್ನುವ ಬೇಸರ ಅವನಿಗಿತ್ತು.

ಸ್ಕ್ರಿಪ್ಟಿನಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆಯಿರಿ. ಎಲ್ಲಿ ವಾರ್ಯಾಳ ಪ್ರಯತ್ನ ಬದಲಾಗುತ್ತದೋ ಅಲ್ಲಿ ಒಂದು ಗೆರೆ. ಎರಡು ಗೆರೆಗಳ ನಡುವಿನ ತುಂಡಿಗೆ ಬೀಟ್ ಅನ್ನುತ್ತಾರೆ. ಪ್ರತಿ ತುಂಡಿನ ಪಕ್ಕ ಒಂದು ಕ್ರಿಯಾಪದ ಬರೆಯಿರಿ. ‘ದುಃಖದಿಂದ’, ‘ನಾಚುತ್ತಾ’ ಬೇಡ. ಕಾಯುತ್ತೇನೆ, ದಾರಿ ಮಾಡಿಕೊಡುತ್ತೇನೆ, ಕೆಣಕುತ್ತೇನೆ, ತಡೆಯುತ್ತೇನೆ, ಹೀಗೆ. ಎದುರಿನವನ ಮೇಲೆ ಮಾಡುವ ಕೆಲಸವಾಗಿರಬೇಕು. ನಿರ್ದೇಶಕರು ‘ನಟಿಸಬೇಡ’ ಅಂದಾಗ ಕೇಳುತ್ತಿರುವುದು ಇದನ್ನೇ. ಭಾವ ತೋರಿಸುವುದನ್ನು ಬಿಟ್ಟು ಆ ಕೆಲಸ ಮಾಡಿ.

ನಿಮ್ಮ ಜೊತೆ ನಟನಿಗೂ ಒಂದು ಮಾತು. ಲೊಪಾಖಿನ್‌ನನ್ನು ಒರಟ ಮಾಡಬೇಡಿ. ಅವನು ವ್ಯಾಪಾರಿ, ಆದರೆ ಎಲ್ಲ ರೀತಿಯಲ್ಲೂ ಸಭ್ಯ ಮನುಷ್ಯ ಅಂತ ಚೆಕಾಫ್ ಸ್ಟ್ಯಾನಿಸ್ಲಾವ್‌ಸ್ಕಿಗೆ ಪತ್ರ ಬರೆದು ತಿಳಿಸಿದ್ದ. ಕೇಳಬೇಕು ಅಂತಲೇ ಬಂದು, ಕೇಳಲಾಗದೆ ಹೋಗುವವನು ಅವನು. ಹಾಗೆ ಆಡಿದರೆ ನಿಮ್ಮ ಕೆಲಸವೂ ಸುಲಭವಾಗುತ್ತದೆ.

ಪ್ರಶ್ನೆ: ಅಳುವ ದೃಶ್ಯಕ್ಕೆ ಮುಂಚೆ ನಾನು ತೀರಿಹೋದ ಅಜ್ಜಿಯನ್ನು ನೆನೆಸಿಕೊಳ್ಳುತ್ತೇನೆ. ಮೊದಲೆರಡು ಸಲ ಚೆನ್ನಾಗಿ ಅಳು ಬಂತು. ಈಗ ಬರುತ್ತಿಲ್ಲ. ಅಜ್ಜಿಯ ನೆನಪನ್ನು ಬಳಸಿಕೊಂಡೆನಲ್ಲ ಅಂತ ಬೇಜಾರೂ ಆಗುತ್ತಿದೆ.

ಉತ್ತರ: ಆ ನೆನಪನ್ನು ನಿಮ್ಮ ಪಾಡಿಗೆ ಇಟ್ಟುಕೊಳ್ಳಿ. ತಾಲೀಮಿಗೆ ತರಬೇಡಿ.

ಇದು ಹಳೆಯ ಜಗಳ. ನ್ಯೂಯಾರ್ಕಿನಲ್ಲಿ 1931ರಲ್ಲಿ ಶುರುವಾದ ಗ್ರೂಪ್ ಥಿಯೇಟರ್‌ನಲ್ಲಿ ಲೀ ಸ್ಟ್ರಾಸ್‌ಬರ್ಗ್ ನಟರಿಂದ ಇಂಥ ಭಾವಸ್ಮೃತಿಯ ಅಭ್ಯಾಸಗಳನ್ನು ಮಾಡಿಸುತ್ತಿದ್ದರು. ಅದೇ ತಂಡದ ನಟಿ ಸ್ಟೆಲ್ಲಾ ಆ್ಯಡ್ಲರ್‌ಗೆ ಇದು ಒಗ್ಗಲಿಲ್ಲ. ಅವರು 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ಟ್ಯಾನಿಸ್ಲಾವ್‌ಸ್ಕಿಯನ್ನೇ ಭೇಟಿಯಾಗಿ ಕೆಲವು ವಾರ ಅವರ ಜೊತೆ ಕೆಲಸ ಮಾಡಿದರು. ವಾಪಸ್ ಬಂದು ತಂಡಕ್ಕೆ ಹೇಳಿದ್ದು ಇಷ್ಟು: ಒತ್ತು ಇರಬೇಕಾದದ್ದು ನಾಟಕದ ಸಂದರ್ಭಕ್ಕೆ ಮತ್ತು ಕ್ರಿಯೆಗೆ, ನಟನ ಸ್ವಂತ ನೆನಪಿಗಲ್ಲ. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಇಬ್ಬರ ದಾರಿಯಲ್ಲೂ ದೊಡ್ಡ ನಟರು ಬಂದಿದ್ದಾರೆ. ಆದರೆ ಕಲಿಯುವವರಿಗೆ ನಾನು ಆ್ಯಡ್ಲರ್ ದಾರಿಯನ್ನೇ ಹೇಳುತ್ತೇನೆ. ಕಾರಣ ನೀವೇ ಬರೆದಿದ್ದೀರಿ. ನೆನಪು ಬಳಸಿದಷ್ಟೂ ಸವೆಯುತ್ತದೆ. ಅದೂ ಅಲ್ಲದೆ, ಅಜ್ಜಿಯ ಬಗ್ಗೆ ಯೋಚಿಸುತ್ತಿರುವ ನಟ ಎದುರಿನವರ ಮಾತು ಕೇಳಿಸಿಕೊಳ್ಳುತ್ತಿರುವುದಿಲ್ಲ.

ಬದಲಿಗೆ ಕೈಗೆ ನಿಜವಾದ ಕೆಲಸ ಕೊಡಿ. ಮೇಲಿನ ಓದುಗರ ದೃಶ್ಯವನ್ನೇ ನಾನೊಮ್ಮೆ ಮಾಡಿಸುತ್ತಿದ್ದೆ. ವಾರ್ಯಾ ಮಾಡುತ್ತಿದ್ದ ಹುಡುಗಿ ಸುಮ್ನೆ ಬಟ್ಟೆ ಮೇಲೆ ಕೆಳಗೆ ಮಾಡಿ ಹುಡುಕಿದ ಹಾಗೆ ತೋರಿಸುತ್ತಿದ್ದಳು. ಒಂದು ಗುಂಡಿಯನ್ನು ಆ ಗಂಟುಗಳ ನಡುವೆ ಎಲ್ಲೋ ಸಿಕ್ಕಿಸಿಟ್ಟು, ಅದು ಸಿಗುವವರೆಗೆ ಹುಡುಕು ಅಂದೆ. ಅವಳು ನಿಜವಾಗಿಯೇ ಹುಡುಕತೊಡಗಿದಳು. ಮಾತುಗಳು ಹುಡುಕಾಟದ ನಡುವೆ ತುಂಡು ತುಂಡಾಗಿ ಬಂದವು. ಕೊನೆಗೆ ಜೊತೆ ನಟ ಹೊರಟುಹೋದ. ಅವಳ ಕೈ ಹುಡುಕುವುದನ್ನು ಬಿಟ್ಟು ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ಹಿಂದಿನ ಅಂಕದ ತಾಲೀಮಿನಲ್ಲಿ ಬೀಗದ ಕೈ ಗೊಂಚಲು ಇರುತ್ತಿದ್ದ ಜಾಗ. ಅಲ್ಲಿ ಏನೂ ಇರಲಿಲ್ಲ. ಅಳು ಬಂದದ್ದು ಆಗ. ಯಾವ ಅಜ್ಜಿಯೂ ಬೇಕಾಗಲಿಲ್ಲ. ಇನ್ನೊಂದು ದಿನ ಅಳು ಬರದೇ ಹೋಯಿತು. ಆದರೂ ಆ ಕೈ ಬರಿ ಸೊಂಟದ ಮೇಲೆ ನಿಂತದ್ದನ್ನು ನೋಡಿ ನಮಗೆಲ್ಲ ಗಂಟಲು ಕಟ್ಟಿತು. ಅಷ್ಟಾದರೆ ಸಾಕು.

ಪ್ರಶ್ನೆ: ಸಹಜವಾಗಿ ಮಾತಾಡಿದರೆ ಹಿಂದಿನ ಸಾಲಿಗೆ ಕೇಳುವುದಿಲ್ಲ. ಜೋರಾಗಿ ಆಡಿದರೆ ಸಹಜತೆ ಹೋಗುತ್ತದೆ. ಏನು ಮಾಡಲಿ?

ಉತ್ತರ: ಜೋರು ಜಾಸ್ತಿ ಮಾಡಬೇಡಿ, ವಾಕ್ಯದ ಕೊನೆಯನ್ನು ನುಂಗಬೇಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಬರ್ತೀನಿ’ಯೋ ‘ಬರಲ್ಲ’ವೋ ಅನ್ನುವುದು ಕೊನೆಯ ಅಕ್ಷರದಲ್ಲಿ ತಿಳಿಯುತ್ತದೆ. ಸಹಜವಾಗಿ ಆಡುವ ಭರದಲ್ಲಿ ನಾವು ದನಿ ಇಳಿಸುವುದೂ ಅಲ್ಲೇ. ತಾಲೀಮಿನಲ್ಲಿ ಜೊತೆ ನಟರನ್ನು ಕೋಣೆಯ ಆಚೆ ತುದಿಯಲ್ಲಿ ನಿಲ್ಲಿಸಿ ಇಡೀ ದೃಶ್ಯ ಆಡಿ. ಕೂಗುವಂತಿಲ್ಲ, ಆದರೆ ಅವರಿಗೆ ತಲುಪಬೇಕು. ಆಮೇಲೆ ಹತ್ತಿರ ಬಂದು, ಉಸಿರು ಅಷ್ಟೇ ಇಟ್ಟುಕೊಂಡು ಅದನ್ನೇ ಆಡಿ.

ಪ್ರಶ್ನೆ: ನನಗೆ ತಂಡವಿಲ್ಲ. ಆಸಕ್ತಿ ಇರುವ ಗೆಳೆಯ ಒಬ್ಬನಿದ್ದಾನೆ. ಇಬ್ಬರೇ ದೃಶ್ಯಾಭ್ಯಾಸ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಇಬ್ಬರೇ ಇರುವ, ಐದಾರು ನಿಮಿಷದ, ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರಗಳ ದೃಶ್ಯ ಆರಿಸಿಕೊಳ್ಳಿ. ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗಬಾರದು. ಉದ್ದುದ್ದ ಭಾಷಣದ ದೃಶ್ಯಗಳನ್ನು ಈಗಲೇ ಮುಟ್ಟಬೇಡಿ.

ಮೊದಲ ಕೆಲವು ದಿನ ಬಾಯಿಪಾಠ ಮಾಡಬೇಡಿ. ಎದುರುಬದುರು ಕೂತು, ಒಂದು ಸಾಲನ್ನು ಕಣ್ಣಲ್ಲಿ ಹಿಡಿದು, ತಲೆಯೆತ್ತಿ, ಗೆಳೆಯನ ಕಣ್ಣು ನೋಡಿ ಹೇಳಿ. ಅವನು ಆಡುವಾಗ ಹಾಳೆ ನೋಡುವಂತಿಲ್ಲ. ನಿಮ್ಮ ಮುಂದಿನ ಮಾತು ತಡವಾದರೆ ಆಗಲಿ. ತುಂಬ ನಿಧಾನ ಅನ್ನಿಸುತ್ತದೆ, ಆದರೆ ಕೇಳಿಸಿಕೊಳ್ಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಶುರು ಮಾಡುವ ಮುಂಚೆ ಹತ್ತು ನಿಮಿಷ ಸ್ಯಾನ್‌ಫರ್ಡ್ ಮೈಸ್ನರ್ ಅವರ ಪುನರಾವರ್ತನೆಯ ಆಟ ಆಡಿ. ಇವರೂ ಗ್ರೂಪ್ ಥಿಯೇಟರ್‌ನವರೇ. ಗೆಳೆಯನಲ್ಲಿ ಕಂಡದ್ದನ್ನು ಹೇಳಿ: ‘ನಿನ್ನ ಅಂಗಿ ನೀಲಿ.’ ಅವನು ಅದನ್ನೇ ಹೇಳಬೇಕು: ‘ನನ್ನ ಅಂಗಿ ನೀಲಿ.’ ಹೀಗೇ ಮುಂದುವರಿಸಿ. ಸ್ವಲ್ಪ ಹೊತ್ತಿಗೆ ಅವನಿಗೆ ನಗು ಬರುತ್ತದೆ, ಅಥವಾ ರೇಗುತ್ತದೆ. ಆಗ ಮಾತು ಅದಕ್ಕೆ ತಿರುಗಲಿ: ‘ನಿನಗೆ ನಗು ಬಂತು.’ ಏನನ್ನೂ ಕಟ್ಟಬೇಡಿ, ಕಂಡದ್ದಕ್ಕೆ ಮಾತ್ರ ಸ್ಪಂದಿಸಿ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಬೇಡಿ. ನಿಮ್ಮ ಮುಖದ ಮೇಲೆ ಕಣ್ಣು ನೆಟ್ಟರೆ ಗೆಳೆಯ ಕಾಣುವುದಿಲ್ಲ. ವಿಡಿಯೋ ತೆಗೆಯುವುದಾದರೆ ಎರಡು ವಾರ ಕಳೆದ ಮೇಲೆ, ಒಂದೇ ಸಲ ತೆಗೆಯಿರಿ. ನೋಡುವಾಗ ನೀವು ಮಾತಾಡುವ ಭಾಗವನ್ನು ಬಿಟ್ಟು, ಅವನು ಮಾತಾಡುವಾಗ ನೀವೇನು ಮಾಡುತ್ತಿದ್ದಿರಿ ಅನ್ನುವುದನ್ನು ಮಾತ್ರ ನೋಡಿ.