ಜಾಕಿ ಲ್ಯಾಂಬಿ ಎದ್ದು ನಿಂತಾಗ

ಹಿಂದಿನ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಸೆನೆಟ್ ಸದಸ್ಯೆ ಜಾಕಿ ಲ್ಯಾಂಬಿ ಅವರು ಸದನದಲ್ಲಿ ಆಡುವ ಮಾತನ್ನು ಮೆಚ್ಚಿ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ತುಂಬಿವೆ. ಶಾಸನಸಭೆಯ ಕಲಾಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸದಲ್ಲಿ ನನ್ನ ಉದ್ಯೋಗ ಜೀವನ ಕಳೆದಿದೆ. ಯಾವ ದೇಶದ್ದೇ ಆಗಲಿ, ಸದನದ ನಡಾವಳಿ ಕೈಗೆ ಸಿಕ್ಕರೆ ಓದದೆ ಬಿಡುವವಳಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಲ್ಯಾಂಬಿ ಬಂದಿರುವುದು ಟಾಸ್ಮೇನಿಯಾ ಎಂಬ ಪುಟ್ಟ ದ್ವೀಪದಿಂದ. ಅಂಥವರ ಮಾತಿಗೆ ರಾಷ್ಟ್ರದ ಸಂಸತ್ತಿನಲ್ಲಿ ಇಷ್ಟು ತೂಕ ಹೇಗೆ ಬಂತು?

ಉತ್ತರ: ಆ ತೂಕವನ್ನು ಕೊಟ್ಟದ್ದು ಅಲ್ಲಿನ ಸಂವಿಧಾನ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ 76 ಸ್ಥಾನಗಳಿವೆ. ಜನಸಂಖ್ಯೆ ಎಷ್ಟೇ ಇರಲಿ, ಪ್ರತಿ ರಾಜ್ಯಕ್ಕೂ 12. ಎಂಬತ್ತು ಲಕ್ಷ ಜನರಿರುವ ನ್ಯೂ ಸೌತ್ ವೇಲ್ಸ್‌ಗೂ ಹನ್ನೆರಡೇ, ಆರು ಲಕ್ಷವನ್ನೂ ಮುಟ್ಟದ ಟಾಸ್ಮೇನಿಯಾಕ್ಕೂ ಹನ್ನೆರಡೇ. ಈ ಮೇಲ್ಮನೆಯಲ್ಲಿ ಆಡಳಿತ ಪಕ್ಷಕ್ಕೆ ಬಹುಮತ ಸಿಗುವುದು ಅಪರೂಪ. ಮಸೂದೆಯೊಂದು ದಡ ಸೇರಬೇಕಾದರೆ ಸರ್ಕಾರ ಸಣ್ಣ ಪಕ್ಷಗಳವರ ಮತ್ತು ಪಕ್ಷೇತರರ ಬಾಗಿಲು ತಟ್ಟಲೇಬೇಕು. ಹಾಗೆ ತಟ್ಟಿದ ಬಾಗಿಲುಗಳಲ್ಲಿ ಲ್ಯಾಂಬಿ ಅವರದೂ ಒಂದು.

1971ರಲ್ಲಿ ಟಾಸ್ಮೇನಿಯಾದ ಉತ್ತರ ತೀರದ ಅಲ್ವರ್‌ಸ್ಟನ್‌ನಲ್ಲಿ ಹುಟ್ಟಿದವರು. ಸುಮಾರು ಹತ್ತು ವರ್ಷ ಸೇನೆಯಲ್ಲಿದ್ದು, ಬೆನ್ನಿಗೆ ಪೆಟ್ಟಾಗಿ ಹೊರಬಂದರು. ಪರಿಹಾರಕ್ಕಾಗಿ ಮಾಜಿ ಸೈನಿಕರ ಇಲಾಖೆಯೊಂದಿಗೆ ವರ್ಷಗಟ್ಟಲೆ ಹೋರಾಡಿದರು. 2013ರಲ್ಲಿ ಗಣಿ ಉದ್ಯಮಿ ಕ್ಲೈವ್ ಪಾಮರ್ ಅವರ ಪಕ್ಷದಿಂದ ಗೆದ್ದರು. 2014ರ ನವೆಂಬರ್‌ನಲ್ಲಿ ಆ ಪಕ್ಷವನ್ನು ತೊರೆದು ಒಬ್ಬರೇ ನಿಂತರು. ಯಾವ ಪಕ್ಷದ ಸಚೇತಕನೂ ಅವರಿಗೆ ಮಾತು ಬರೆದುಕೊಡುವಂತಿರಲಿಲ್ಲ.

ಪ್ರಶ್ನೆ: ತಮ್ಮ ಮನೆಯ ಕಷ್ಟವನ್ನೆಲ್ಲ ಸದನದಲ್ಲಿ ಹೇಳಿಕೊಂಡು ಕಣ್ಣೀರು ಹಾಕುವುದು ಚರ್ಚೆಗೆ ಕೊಡುಗೆಯಾಗುತ್ತದೆಯೆ? ಅದು ಅನುಕಂಪ ಗಿಟ್ಟಿಸುವ ದಾರಿಯಲ್ಲವೆ?

ಉತ್ತರ: ಈ ಪ್ರಶ್ನೆಯನ್ನು ಕೇಳಿದವರು ಒಬ್ಬರಲ್ಲ. ನನಗೆ ಈ ಆಕ್ಷೇಪ ಸರಿ ಎನ್ನಿಸುವುದಿಲ್ಲ, ಏಕೆಂದು ಹೇಳುತ್ತೇನೆ.

2015ರ ಆಗಸ್ಟ್‌ನಲ್ಲಿ ಲ್ಯಾಂಬಿ ಸೆನೆಟ್‌ನಲ್ಲಿ ಎದ್ದು, ಇಪ್ಪತ್ತೊಂದು ವರ್ಷದ ತಮ್ಮ ಮಗ ‘ಐಸ್’ ಎಂಬ ಮಾದಕ ವಸ್ತುವಿಗೆ ದಾಸನಾಗಿದ್ದಾನೆ ಎಂದರು. ತಾವು ಸೆನೆಟ್ ಸದಸ್ಯೆಯಾಗಿದ್ದರೂ ಅವನ ಮೇಲೆ ತಮ್ಮ ಹಿಡಿತ ಇಲ್ಲ, ತಾವು ಮಾತನಾಡುತ್ತಿರುವುದು ಮಗನೊಡನೆ ಅಲ್ಲ, ಆ ಮಾದಕ ವಸ್ತುವಿನೊಡನೆ ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಒಬ್ಬ ತಾಯಿಯ ಗೋಳಾಗಿ ಉಳಿಯುತ್ತಿತ್ತು. ಆದರೆ ವ್ಯಸನಕ್ಕೆ ಬಿದ್ದ ಮಕ್ಕಳನ್ನು ಅವರ ಒಪ್ಪಿಗೆ ಇಲ್ಲದಿದ್ದರೂ ಚಿಕಿತ್ಸೆಗೆ ಸೇರಿಸುವ ಅಧಿಕಾರ ತಂದೆತಾಯಿಗೆ ಬೇಕು ಎಂಬ ಬೇಡಿಕೆಯನ್ನು ಅವರು ಮುಂದಿಟ್ಟರು. ಆ ಬೇಡಿಕೆಯನ್ನು ಒಪ್ಪದ ವೈದ್ಯರೂ ಇದ್ದರು. ಒಪ್ಪುವುದಕ್ಕೂ ಬಿಡುವುದಕ್ಕೂ ಒಂದು ಖಚಿತ ಪ್ರಸ್ತಾಪ ಸದನದ ಮುಂದೆ ಬಂದಿತಲ್ಲ, ಚರ್ಚೆಗೆ ಬೇಕಾದದ್ದು ಅದೇ.

2017ರ ಮಾರ್ಚ್‌ನ ಭಾಷಣ ನನಗೆ ಇದಕ್ಕಿಂತಲೂ ದೊಡ್ಡದು. ಬಡ ಕುಟುಂಬಗಳಿಗೆ ಸಿಗುವ ಸರ್ಕಾರಿ ನೆರವಿಗೆ ಕತ್ತರಿ ಹಾಕುವ ಮಸೂದೆ ಬಂದಿತ್ತು. ಅಂಗವೈಕಲ್ಯ ಪಿಂಚಣಿಯ ಮೇಲೆ ತಾವು ಇಬ್ಬರು ಮಕ್ಕಳನ್ನು ಸಾಕಿದ ದಿನಗಳನ್ನು ಲ್ಯಾಂಬಿ ಸದನಕ್ಕೆ ಹೇಳಿದರು. ಫ್ರಿಜ್ ಕೆಟ್ಟು, ರಿಪೇರಿಗೆ ಹಣವಿಲ್ಲದೆ, ವಾರಗಟ್ಟಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆಹಾರ ಇಟ್ಟುಕೊಂಡದ್ದನ್ನು ಹೇಳಿದರು. ಆ ಹಣದ ಮೇಲೆ ಬದುಕುವುದು ಯಾರ ಆಯ್ಕೆಯೂ ಅಲ್ಲ, ಅದರಲ್ಲಿ ನಾಚಿಕೆ ಇದೆ, ಮುಜುಗರ ಇದೆ ಎಂದರು. ನೆರವು ಪಡೆಯುವವರೆಲ್ಲ ಸೋಮಾರಿಗಳು ಎಂಬ ಭಾವನೆ ಎಲ್ಲ ದೇಶಗಳ ಅಧಿಕಾರಸ್ಥರಲ್ಲೂ ಬೇರೂರಿರುತ್ತದೆ. ಅಂಕಿ ಅಂಶಗಳಿಂದ ಅದನ್ನು ಅಲುಗಿಸುವುದು ಕಷ್ಟ. ನೆರವು ಪಡೆದು ಬದುಕಿದ ಒಬ್ಬ ಹೆಂಗಸು ಅದೇ ಸದನದ ಸದಸ್ಯೆಯಾಗಿ, ಮತ ಹಾಕುವ ಹಕ್ಕಿನೊಂದಿಗೆ ಎದುರು ನಿಂತಾಗ ಅದು ಸಾಕ್ಷ್ಯವಾಗುತ್ತದೆ. ಸಾಕ್ಷ್ಯ ಕೊಡುವಾಗ ಗಂಟಲು ಕಟ್ಟಿದರೆ ಸಾಕ್ಷ್ಯದ ಬೆಲೆ ಕಡಿಮೆಯಾಗುವುದಿಲ್ಲ. ಶೀಘ್ರಲಿಪಿಯಲ್ಲಿ ನಡುಗುವ ದನಿಗೆ ಗುರುತು ಇಲ್ಲ. ಆದರೂ ಆ ದಿನದ ನಡಾವಳಿಯ ಪುಟವನ್ನು ಓದಿ ನೋಡಿ, ಬರಿಯ ಅಕ್ಷರದಲ್ಲೂ ಅದು ನಿಲ್ಲುತ್ತದೆ.

ಪ್ರಶ್ನೆ: ಇಷ್ಟೆಲ್ಲ ಗುಡುಗಿ ಅವರು ಸಾಧಿಸಿದ್ದಾದರೂ ಏನು?

ಉತ್ತರ: ಸೈನಿಕರ ವಿಷಯವನ್ನು ತೆಗೆದುಕೊಳ್ಳೋಣ. 2014ರಲ್ಲಿ ಸೈನಿಕರಿಗೆ ವರ್ಷಕ್ಕೆ ಶೇ. 1.5ರಷ್ಟು ಮಾತ್ರ ವೇತನ ಏರಿಕೆ ಎಂದು ಸರ್ಕಾರ ಹೇಳಿತು. ಬೆಲೆ ಏರಿಕೆಯ ಮುಂದೆ ಅದು ಏನೂ ಅಲ್ಲ. ಇದನ್ನು ಸರಿಪಡಿಸುವ ತನಕ ಸರ್ಕಾರದ ಮಸೂದೆಗಳಿಗೆ ತಮ್ಮ ಮತವಿಲ್ಲ ಎಂದು ಲ್ಯಾಂಬಿ ಪಟ್ಟು ಹಿಡಿದರು. ಮರುವರ್ಷ ಮಾರ್ಚ್‌ನಲ್ಲಿ ಏರಿಕೆಯನ್ನು ಶೇ. 2ಕ್ಕೆ ಹೆಚ್ಚಿಸಲಾಯಿತು.

ಅದಕ್ಕಿಂತ ಗಂಭೀರವಾದದ್ದು ಸೈನಿಕರ ಮತ್ತು ಮಾಜಿ ಸೈನಿಕರ ಆತ್ಮಹತ್ಯೆಗಳ ಪ್ರಶ್ನೆ. ರಾಯಲ್ ಕಮಿಷನ್, ಅಂದರೆ ಯಾರನ್ನಾದರೂ ಕರೆಸಿ, ಯಾವ ಕಡತವನ್ನಾದರೂ ತರಿಸಿ ವಿಚಾರಿಸಬಲ್ಲ ಸ್ವತಂತ್ರ ಆಯೋಗ ಬೇಕು ಎಂದು ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬೀದಿಯಲ್ಲಿ ಕೇಳುತ್ತಿದ್ದರು. ಲ್ಯಾಂಬಿ ಸದನದೊಳಗೆ ಕೇಳುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಪ್ರಧಾನಿ ಸ್ಕಾಟ್ ಮಾರಿಸನ್ ಅದರ ಬದಲಿಗೆ ಒಬ್ಬ ಕಾಯಂ ಆಯುಕ್ತರನ್ನು ನೇಮಿಸುವುದಾಗಿ ಹೇಳಿದರು. ಬಹಳ ಜನ ಅಲ್ಲಿಗೆ ಸುಮ್ಮನಾಗಿಬಿಡುತ್ತಿದ್ದರು. ಸಿಕ್ಕಿದ್ದಷ್ಟು ಸಿಕ್ಕಿತಲ್ಲ ಎಂದು. ಲ್ಯಾಂಬಿ ಒಪ್ಪಲಿಲ್ಲ. ಅದೇ ಮಾತನ್ನು ಪ್ರಶ್ನೋತ್ತರದಲ್ಲಿ, ಸಮಿತಿ ಸಭೆಯಲ್ಲಿ, ಮಸೂದೆಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತಿದರು. 2021ರ ಮಾರ್ಚ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ರಾಯಲ್ ಕಮಿಷನ್ ಪರವಾಗಿ ನಿಂತವು. ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಘೋಷಿಸಿತು. ಜುಲೈನಲ್ಲಿ ಆಯೋಗ ರಚನೆಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅಂತಿಮ ವರದಿ ಏಳು ಸಂಪುಟಗಳದ್ದು, ಅದರಲ್ಲಿ 122 ಶಿಫಾರಸುಗಳಿವೆ. 1997ರಿಂದ 2021ರ ನಡುವೆ ಕನಿಷ್ಠ 1,677 ಸೈನಿಕರು ಮತ್ತು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡಿದ್ದರೆಂದು ಆಯೋಗ ದಾಖಲಿಸಿತು. ಈ ಸಂಖ್ಯೆಯನ್ನು ಓದಿದ ಮೇಲೂ ಗುಡುಗಿದ್ದು ಹೆಚ್ಚಾಯಿತು ಎಂದು ನನಗೆ ಹೇಳಲಾಗುವುದಿಲ್ಲ. ಒಬ್ಬರಿಂದಲೇ ಆದ ಕೆಲಸ ಇದಲ್ಲ, ನಿಜ. ಆ ತಾಯಂದಿರ ಪಾಲು ಮೊದಲನೆಯದು.

ಪ್ರಶ್ನೆ: ಗಟ್ಟಿಯಾಗಿ ವಾದಿಸಿಯೂ ಸೋತದ್ದುಂಟೆ?

ಉತ್ತರ: ಉಂಟು. 2020ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯದ ಶುಲ್ಕಗಳನ್ನು ಬದಲಿಸುವ ಮಸೂದೆ ಬಂದಿತು. ಮಾನವಿಕ ವಿಷಯಗಳ ಶುಲ್ಕ ಶೇ. 113ರಷ್ಟು ಏರುತ್ತಿತ್ತು. ಬಡ ಮಕ್ಕಳಿಗೆ, ನೀವು ಎಷ್ಟೇ ಪ್ರತಿಭಾವಂತರಾದರೂ ಸ್ವಲ್ಪ ಅಗ್ಗದ ಕನಸನ್ನೇ ಕಾಣಿರಿ ಎಂದು ಹೇಳುವ ಮತ ತಮ್ಮದಾಗುವುದಿಲ್ಲ ಎಂದು ಲ್ಯಾಂಬಿ ನುಡಿದರು. ಮಸೂದೆ ಗೆದ್ದಿತು. ಆದರೂ ಆ ಶುಲ್ಕದ ವಿರುದ್ಧ ಆಡಿದ ಮಾತುಗಳಲ್ಲಿ ಇಷ್ಟು ಸರಳವಾದದ್ದನ್ನು, ಇಷ್ಟು ನೇರವಾದದ್ದನ್ನು ನಾನು ಓದಿಲ್ಲ.

ಪ್ರಶ್ನೆ: ಅವರ ಎಲ್ಲ ನಿಲುವುಗಳನ್ನೂ ನೀವು ಮೆಚ್ಚುತ್ತೀರಾ?

ಉತ್ತರ: ಇಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವ ಉಡುಪನ್ನು ನಿಷೇಧಿಸಲು 2017ರಲ್ಲಿ ಅವರು ಖಾಸಗಿ ಮಸೂದೆ ತಂದರು. ತಾನು ಏನು ಉಡಬೇಕೆಂಬುದು ಆ ಹೆಣ್ಣುಮಗಳ ವಿಚಾರ. ಕಾನೂನು ಅಲ್ಲಿಗೆ ಕೈ ಹಾಕಬಾರದು. ಬಡವರ ನಾಚಿಕೆಯನ್ನು ಅಷ್ಟು ಚೆನ್ನಾಗಿ ಬಲ್ಲವರು ಇನ್ನೊಂದು ಸಮುದಾಯದ ಹೆಂಗಸರ ವಿಷಯದಲ್ಲಿ ಅಷ್ಟೇ ಕಿವಿಗೊಟ್ಟಿದ್ದರೆ ಎಂದು ನನಗೆ ನೋವಾಗುತ್ತದೆ.

ಇನ್ನೊಂದು, 2019ರ ಡಿಸೆಂಬರ್‌ನ ಮತ. ಪೆಸಿಫಿಕ್‌ನ ದ್ವೀಪ ದೇಶಗಳಾದ ಪಪುವಾ ನ್ಯೂಗಿನಿ ಮತ್ತು ನೌರುವಿನಲ್ಲಿ ಆಸ್ಟ್ರೇಲಿಯಾ ಇರಿಸಿದ್ದ ನಿರಾಶ್ರಿತರನ್ನು ವೈದ್ಯರ ಸಲಹೆಯ ಮೇರೆಗೆ ಚಿಕಿತ್ಸೆಗಾಗಿ ಆಸ್ಟ್ರೇಲಿಯಾಕ್ಕೆ ಕರೆತರುವ ಕಾನೂನನ್ನು ಅಂದು 37–35ರಲ್ಲಿ ರದ್ದು ಮಾಡಲಾಯಿತು. ಲ್ಯಾಂಬಿ ಸರ್ಕಾರದ ಜೊತೆ ನಿಂತರು. ತಮ್ಮದೊಂದು ಷರತ್ತು ಇದೆ, ರಾಷ್ಟ್ರದ ಭದ್ರತೆಯ ಕಾರಣ ಅದನ್ನು ಹೇಳಲಾರೆ ಎಂದು ಅತ್ತರು. 2022ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡ್‌ನ ಪ್ರಸ್ತಾಪಕ್ಕೆ ಒಪ್ಪಿತು: ವರ್ಷಕ್ಕೆ 150 ನಿರಾಶ್ರಿತರಂತೆ ಮೂರು ವರ್ಷ ಅಲ್ಲಿ ನೆಲೆ. ಅದೇ ತಮ್ಮ ಷರತ್ತಾಗಿತ್ತು ಎಂದು ಲ್ಯಾಂಬಿ ಆಗ ಹೇಳಿದರು. ಫಲ ಒಳ್ಳೆಯದೇ. ಆದರೆ ಕಾರಣ ಹೇಳದೆ ಚಲಾಯಿಸಿದ ಮತವನ್ನು ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಅಳೆಯಲಾಗಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟು ಹೇಳುವುದೇ ಯಾರ ಹೆಗ್ಗಳಿಕೆಯೋ ಅವರಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.

ಪ್ರಶ್ನೆ: ನಡುವೆ ಅವರು ಸ್ಥಾನ ಕಳೆದುಕೊಂಡಿದ್ದರೆಂದು ಕೇಳಿದ್ದೇನೆ. ಹಗರಣವೆ?

ಉತ್ತರ: ಹಗರಣವಲ್ಲ. ಇನ್ನೊಂದು ದೇಶದ ಪೌರತ್ವ ಇರುವವರು ಸಂಸತ್ತಿನ ಸದಸ್ಯರಾಗುವಂತಿಲ್ಲ ಎಂದು ಅಲ್ಲಿನ ಸಂವಿಧಾನದ 44ನೇ ವಿಧಿ ಹೇಳುತ್ತದೆ. ತಂದೆ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ್ದರಿಂದ ಲ್ಯಾಂಬಿ ಅವರಿಗೆ ಬ್ರಿಟಿಷ್ ಪೌರತ್ವವೂ ಬಂದಿತ್ತು. 2017ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು, 2019ರಲ್ಲಿ ಮತ್ತೆ ಗೆದ್ದು ಬಂದರು.

ಪ್ರಶ್ನೆ: ಈ ಭಾಷಣಗಳನ್ನು ಓದುವುದು ಎಲ್ಲಿ? ನಾನು ಕಾಲೇಜು ವಿದ್ಯಾರ್ಥಿನಿ, ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದೇನೆ.

ಉತ್ತರ: ‘ಹ್ಯಾನ್ಸಾರ್ಡ್’ ಎಂದು ಕರೆಯುವ ಆಸ್ಟ್ರೇಲಿಯಾದ ಸಂಸತ್ ನಡಾವಳಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಲ್ಯಾಂಬಿ ಅವರ ಭಾಷಣವನ್ನಷ್ಟೇ ಕಿತ್ತುಕೊಂಡು ಓದಬೇಡಿ. ಅದಕ್ಕೆ ಮುಂಚೆ ಮಂತ್ರಿ ಏನು ಹೇಳಿದರು, ಆಮೇಲೆ ಯಾರು ಉತ್ತರಿಸಿದರು, ಕೊನೆಗೆ ಮತಗಳು ಹೇಗೆ ಹಂಚಿದವು ಎಂಬುದನ್ನೂ ಓದಿ. 2017ರ ಮಾರ್ಚ್‌ನ ಭಾಷಣದಿಂದ ಪ್ರಾರಂಭಿಸಿ, ಅನಂತರ ಸಮಿತಿ ಸಭೆಗಳಲ್ಲಿ ಅವರು ಅಧಿಕಾರಿಗಳಿಗೆ ಹಾಕುವ ಪ್ರಶ್ನೆಗಳಿಗೆ ಬನ್ನಿ. ಅಲ್ಲಿ ಕಣ್ಣೀರಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆಗಳು. ಉತ್ತರ ಜಾರಿಕೊಂಡರೆ ಅದೇ ಪ್ರಶ್ನೆ ಇನ್ನೊಮ್ಮೆ.