ಸಾವಿರ ಜನ, ಒಂದೇ ಭಾನುವಾರ, ಇಡೀ ಕೊಡಗಿನ ರಸ್ತೆಬದಿ ಕಸ: ಚೀಲ ಎಷ್ಟು ಬೇಕು?

ಸಂಪಾಜೆಯಿಂದ ಕುಟ್ಟದವರೆಗೆ ಒಂದೇ ಭಾನುವಾರ ಸಾವಿರ ಸ್ವಯಂಸೇವಕರನ್ನು ಇಳಿಸಿ ರಸ್ತೆಬದಿಯ ಕಸ ಎತ್ತಿಸುತ್ತೇವೆ ಎಂದಿದ್ದೀರಿ. ಚೀಲ, ಕೈಗವಸು, ಟೀ ಶರ್ಟ್ ಎಷ್ಟು ಬೇಕು ಎಂದು ಕೇಳಿದ್ದೀರಿ. ಕೊಡಗಿನಲ್ಲಿ ಕಸದ ಕೆಲಸಕ್ಕೆ ಕೈ ಹಾಕುವವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ನಾವೂ ಇದನ್ನೇ ಕೇಳಿಕೊಂಡು ಶುರು ಮಾಡಿದವರು. ಚೀಲದ ಲೆಕ್ಕ ಕೊಡುತ್ತೇನೆ. ಆದರೆ ಆ ಚೀಲಗಳು ಸೋಮವಾರ ಬೆಳಿಗ್ಗೆ ಎಲ್ಲಿರುತ್ತವೆ ಎನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ? ಇಲ್ಲದಿದ್ದರೆ ಪೋಸ್ಟರ್ ಅಚ್ಚಿಗೆ ಕೊಡಬೇಡಿ.

ಲೆಕ್ಕ ಹೀಗೆ. ಒಬ್ಬರು ಮೂರು ಗಂಟೆಯಲ್ಲಿ ಆರಾಮಾಗಿ ಎರಡು ಚೀಲ ತುಂಬುತ್ತಾರೆ. 50 ಕೆ.ಜಿ.ಯ ಗೊಬ್ಬರದ ಚೀಲಕ್ಕೆ ಬಿಡಿ ಪ್ಲಾಸ್ಟಿಕ್ ತುಂಬಿದರೆ 4ರಿಂದ 6 ಕೆ.ಜಿ. ತೂಗುತ್ತದೆ. ಸಾವಿರ ಜನರೆಂದರೆ ಎರಡು ಸಾವಿರ ಚೀಲ, ಹತ್ತಿರ ಹತ್ತಿರ 10 ಟನ್. ಪಿಕಪ್ ಗಾಡಿಯಲ್ಲಿ ಹಗ್ಗ ಬಿಗಿದು ಪೇರಿಸಿದರೂ 60–70 ಚೀಲಕ್ಕಿಂತ ಹೆಚ್ಚು ಹಿಡಿಸದು. ಗಾಡಿಯ ಜಾಗ ತುಂಬುತ್ತದೆ, ತೂಕ ಮಾತ್ರ 350 ಕೆ.ಜಿ. ದಾಟುವುದಿಲ್ಲ. ಅಂದರೆ ಒಂದೇ ದಿನಕ್ಕೆ ಮೂವತ್ತು ಪಿಕಪ್ ಲೋಡು. ಇಷ್ಟನ್ನು ಒಟ್ಟಿಗೆ ಇಳಿಸಿಕೊಳ್ಳುವ ಒಣಕಸದ ಶೆಡ್ಡು ಯಾವ ಗ್ರಾಮ ಪಂಚಾಯಿತಿಯಲ್ಲಿದೆ? ಪಂಚಾಯಿತಿಯ ಸ್ವಚ್ಛ ಸಂಕೀರ್ಣ (ಒಣಕಸ ವಿಂಗಡಿಸುವ ಶೆಡ್ಡು) ಕಟ್ಟಿರುವುದು ದಿನವೂ ಮನೆಗಳಿಂದ ಬರುವ ಕಸದ ಅಳತೆಗೆ. ಅಲ್ಲಿ ವಿಂಗಡಿಸುವವರು ಸ್ವಸಹಾಯ ಸಂಘದ ನಾಲ್ಕೈದು ಹೆಂಗಸರು. ಅವರ ಬಾಗಿಲಿಗೆ ಭಾನುವಾರ ಸಂಜೆ ಸಾವಿರಾರು ಕೆ.ಜಿ. ಬೆರಕೆ ಕಸ ಸುರಿದು ಬರುವುದನ್ನು ಸೇವೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಎಲ್ಲ ಕೆಡುವುದು ಆ 'ಬೆರಕೆ'ಯಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಮುಗಿದ ಮೇಲೆ ಸರಿಪಡಿಸಲಾಗದ ತಪ್ಪು ಇದೊಂದೇ. 'ಈಗ ಎಲ್ಲ ಒಂದೇ ಚೀಲಕ್ಕೆ ಹಾಕಿ, ವಿಂಗಡಣೆ ಆಮೇಲೆ ಮಾಡೋಣ' ಎಂದು ಯಾರಾದರೂ ಒಂದು ಮಾತು ಆಡಿದರೆ ಸಾಕು, ಆ ದಿನದ ಶ್ರಮ ನೀರುಪಾಲು. ರಸ್ತೆಬದಿಯ ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಅದೇ ಬಾಟಲಿ ಅರ್ಧ ತಿಂದ ಬಿರಿಯಾನಿ ಪೊಟ್ಟಣ, ಮಗುವಿನ ಡೈಪರ್, ಸಾಂಬಾರಿನ ಕವರ್ ಜೊತೆ ಎರಡು ದಿನ ಕಟ್ಟಿದ ಚೀಲದಲ್ಲಿ ಕೂತರೆ ಗುಜರಿಯವರು ಮುಟ್ಟುವುದಿಲ್ಲ. ಕಾಗದ, ರಟ್ಟು ನೆನೆದು ಮುದ್ದೆಯಾಗುತ್ತದೆ. ಬಾಟಲಿಯೊಳಗೆ ಉಳಿದ ನೀರು, ಮೂತ್ರ (ಹೆದ್ದಾರಿ ಬದಿಯಲ್ಲಿ ಇದು ಮಾಮೂಲು) ಸೋರಿ ಉಳಿದದ್ದನ್ನೂ ಹಾಳು ಮಾಡುತ್ತದೆ. ಒಡೆದ ಬಿಯರ್ ಬಾಟಲಿ ಚೀಲ ಹರಿಯುತ್ತದೆ, ವಿಂಗಡಿಸುವವರ ಕೈಯನ್ನೂ ಕೊಯ್ಯುತ್ತದೆ. ಅನ್ನದ ವಾಸನೆಗೆ ಹಂದಿ, ನಾಯಿ ಬಂದು ರಾತ್ರೋರಾತ್ರಿ ಚೀಲ ಎಳೆದಾಡುತ್ತವೆ. ರಸ್ತೆಯಿಂದ ಎತ್ತಿದ್ದು ಮತ್ತೆ ರಸ್ತೆಗೇ. ಇನ್ನು ತೂಕ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ನೀರು, ಮಣ್ಣು ಇರುವುದರಿಂದ ಕೊಳ್ಳುವವರು ತೂಕ ಕಡಿಯುತ್ತಾರೆ, ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸುವವರು ತಿರಸ್ಕರಿಸುತ್ತಾರೆ. ಕೊನೆಗೆ ಉಳಿಯುವ ದಾರಿ ಎರಡು: ಊರಾಚೆಯ ಕಸದ ಗುಡ್ಡೆ ಅಥವಾ ಬೆಂಕಿ. ನೀವು ರಸ್ತೆ ಚೊಕ್ಕ ಮಾಡಿ ಫೋಟೋ ತೆಗೆಸಿಕೊಂಡ ಕಸ ಮುಂದಿನ ಮಳೆಗೆ ಆ ಗುಡ್ಡೆಯಿಂದ ತೋಡಿಗೆ, ತೋಡಿನಿಂದ ಕಾವೇರಿಗೆ ಇಳಿಯುತ್ತದೆ.

ಹಾಗಾಗಿ ವಿಂಗಡಣೆ ಎತ್ತುವ ಕೈಯಲ್ಲೇ ಆಗಬೇಕು. ಐದು ಜನರ ತಂಡ ಮಾಡಿ. ನಾಲ್ವರ ಕೈಯಲ್ಲಿ ಒಂದೊಂದು ಚೀಲ, ಪ್ರತಿ ಚೀಲಕ್ಕೆ ಒಂದೇ ಬಗೆ. ಐದನೆಯವರು ತಂಡದ ಮುಂದೆ ನಡೆದು ವಾಹನ ನೋಡಿಕೊಳ್ಳಲಿ, ಗಾಜು, ಸೂಜಿ ಇದ್ದಲ್ಲಿ ಎಚ್ಚರಿಸಲಿ. ಮೊದಲ ಚೀಲ ಬಾಟಲಿಗಳಿಗೆ: ಮುಚ್ಚಳ ತೆಗೆದು, ಒಳಗಿನದ್ದು ಚೆಲ್ಲಿ, ತುಳಿದು ಚಪ್ಪಟೆ ಮಾಡಿ, ಮತ್ತೆ ಮುಚ್ಚಳ ಹಾಕಬೇಕು. ಚಪ್ಪಟೆ ಮಾಡಿದರೆ ಅದೇ ಚೀಲಕ್ಕೆ ದುಪ್ಪಟ್ಟು ಹಿಡಿಸುತ್ತದೆ. ಒಂದು ಲೀಟರಿನ ಬಾಟಲಿ 40–50 ಸೇರಿದರೆ ಒಂದು ಕೆ.ಜಿ. ಎರಡನೆಯದು ಗಾಜು ಮತ್ತು ಡಬ್ಬಿಗಳಿಗೆ. ದೊಡ್ಡ ಬಿಯರ್ ಬಾಟಲಿ ಖಾಲಿಯಾದರೂ ಅರ್ಧ ಕಿಲೋ ಆಸುಪಾಸು ಇರುತ್ತದೆ, ಆದ್ದರಿಂದ ಚೀಲದ ಅರ್ಧಕ್ಕೇ ನಿಲ್ಲಿಸಿ, ಇಲ್ಲವಾದರೆ ಎತ್ತಲಾಗದು. ಇಡೀ ಬಾಟಲಿಗೆ ಬೆಲೆ ಉಂಟು, ಒಡೆದದ್ದಕ್ಕೆ ಬಹುತೇಕ ಇಲ್ಲ. ಮೂರನೆಯದರಲ್ಲಿ ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಬಿಸ್ಕತ್ತು, ಪಾನ್ ಮಸಾಲೆ ಪೊಟ್ಟಣಗಳು, ಹರಿದ ಕವರುಗಳು, ಕಾಗದದ ಲೋಟಗಳು. ಕಾಗದದ ಲೋಟದ ಒಳಮೈಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದನ್ನು ಕಾಗದದ ಜೊತೆ ಸೇರಿಸಬೇಡಿ. ನಾಲ್ಕನೆಯದು ತೋಟದ ದಾರಿಗಳಲ್ಲಿ ಎಲ್ಲೆಡೆ ಬಿದ್ದಿರುವ ಮದ್ಯದ ಟೆಟ್ರಾ ಪ್ಯಾಕ್‌ಗಳಿಗೆ, 90 ಮತ್ತು 180 ಮಿ.ಲೀ.ನವು. ಇವನ್ನು ಪ್ರತ್ಯೇಕ ಇಡುವುದಕ್ಕೆ ಕಾರಣವಿದೆ. ಇದರಲ್ಲಿ ಮುಕ್ಕಾಲು ಪಾಲು ಕಾಗದವೇ, ಉಳಿದದ್ದು ಪ್ಲಾಸ್ಟಿಕ್ ಮತ್ತು ತೆಳು ಅಲ್ಯೂಮಿನಿಯಂ. ನೀರಿನಲ್ಲಿ ಕಡೆದು ನಾರು ಬೇರ್ಪಡಿಸುವ ಕಾಗದ ಕಾರ್ಖಾನೆಗಳಿಗೆ ಇದು ಬೇಕು, ಆದರೆ ಒಂದು ಲೋಡು ಆಗುವಷ್ಟು ಸೇರಿದ ಮೇಲೆ ಮಾತ್ರ. ಹಾಗಾಗಿ ಹಲವು ಪಂಚಾಯಿತಿಗಳದ್ದು ಒಂದೇ ಕಡೆ ಕೂಡಿಡಬೇಕು.

ಡೈಪರ್, ಸ್ಯಾನಿಟರಿ ಪ್ಯಾಡ್‌ಗೆ ಬೇರೆಯೇ ಸಣ್ಣ ಚೀಲ. ಪಂಚಾಯಿತಿಗೆ ಮೊದಲೇ ಹೇಳಿ ಒಪ್ಪಿಸಿದ ಮೇಲೆಯೇ ಎತ್ತಿ. ಊಟದ ಉಳಿಕೆಯನ್ನು ಚೀಲಕ್ಕೆ ಹಾಕಲೇಬೇಡಿ. ಕವರಿನಿಂದ ಬಿಡಿಸಿ ರಸ್ತೆಯಿಂದ ದೂರ ಗುಂಡಿ ತೋಡಿ ಮುಚ್ಚಿ. ಸೂಜಿಗೆ ಗಟ್ಟಿ ಮುಚ್ಚಳದ ಡಬ್ಬಿ. ತೋಟದ ಕೀಟನಾಶಕ ಡಬ್ಬಿ ಕಂಡರೆ ಸ್ವಯಂಸೇವಕರು ಮುಟ್ಟಬಾರದು, ಜಾಗ ಗುರುತು ಹಾಕಿ ತೋಟದ ಮಾಲೀಕರಿಗೆ ಹೇಳಿ. ಪೊದೆಯೊಳಗೆ ತಂತಿಯ ಉರುಳು ಅಥವಾ ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆ ಇರಬಹುದು. ಗುರುತು ಸಿಗದ ಸುತ್ತಿದ ಉಂಡೆಯನ್ನು ಒದೆಯುವುದೂ ಬೇಡ, ಇಕ್ಕಳದಲ್ಲಿ ಹಿಡಿಯುವುದೂ ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಮಕ್ಕಳನ್ನು ಪೊದೆಗೆ ಇಳಿಸಬೇಡಿ, ತಕ್ಕಡಿಯ ಹತ್ತಿರ ಕೂರಿಸಿ ತೂಕ ಬರೆಸಿ.

ಇನ್ನು ಕಸ ಹೋಗುವ ಜಾಗ. ದಿನಾಂಕ ನಿಗದಿ ಮಾಡುವ ಮೊದಲು ಪಂಚಾಯಿತಿಯ ಪಿಡಿಒ ಹತ್ತಿರ ಕೂತು ಮಾತಾಡಿ: ಶೆಡ್ಡಿನಲ್ಲಿ ಎಷ್ಟು ಚೀಲಕ್ಕೆ ಜಾಗ, ಯಾವ ಬಗೆ ತೆಗೆದುಕೊಳ್ಳುತ್ತಾರೆ, ಬೆಳ್ಳಿ ಪೊಟ್ಟಣ ಈಗ ಎಲ್ಲಿಗೆ ಹೋಗುತ್ತಿದೆ, ವಿಂಗಡಿಸುವ ಹೆಂಗಸರಿಗೆ ಆ ವಾರದ ಹೆಚ್ಚುವರಿ ಕೂಲಿ ಯಾರು ಕೊಡುತ್ತಾರೆ. ಕೂಲಿ ಪಂಚಾಯಿತಿಯಿಂದ ಆಗದಿದ್ದರೆ ಟೀ ಶರ್ಟಿನ ದುಡ್ಡು ಅಲ್ಲಿಗೆ ಕೊಡಿ. ಆಮೇಲೆ ಸ್ಥಳೀಯ ಗುಜರಿಯವರ ಬಳಿಗೆ ಹೋಗಿ ನಾಲ್ಕು ಬಗೆಯ ಒಂದೊಂದು ಮಾದರಿ ಚೀಲ ತೋರಿಸಿ. ಬೇಕು, ಬೇಡ ಎನ್ನುವುದನ್ನು ಅವರಷ್ಟು ನೇರವಾಗಿ ಯಾರೂ ಹೇಳುವುದಿಲ್ಲ. ಬೆಳ್ಳಿ ಪೊಟ್ಟಣಕ್ಕೆ ಗುಜರಿಯಲ್ಲಿ ಗಿರಾಕಿ ಇಲ್ಲ. ಅದು ಒಣಗಿ, ಯಂತ್ರದಲ್ಲಿ ಒತ್ತಿ ಕಟ್ಟಿದ ಬೇಲ್ ಆಗಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗಬೇಕು. ಅಲ್ಲಿ ಕಲ್ಲಿದ್ದಲಿನ ಜಾಗದಲ್ಲಿ ಉರಿಯುತ್ತದೆ, ಗೂಡಿನೊಳಗೆ ಕಚ್ಚಾವಸ್ತು ಸುಮಾರು 1,450 ಡಿಗ್ರಿಗೆ ಕಾಯುವುದರಿಂದ ಪ್ಲಾಸ್ಟಿಕ್ ಪೂರ್ತಿ ಸುಡುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಕಲಬುರಗಿ ಕಡೆ, ವಾಡಿ, ಸೇಡಂ ಸುತ್ತಮುತ್ತ. ಕೊಡಗಿನಿಂದ ಅಷ್ಟು ದೂರ ಸಡಿಲ ಚೀಲ ಸಾಗಿಸಿದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಬೇಲಿಂಗ್ ಯಂತ್ರ ಇರುವ ಘಟಕ ಮೈಸೂರಿನಲ್ಲಿರಲಿ, ಮಂಗಳೂರಿನಲ್ಲಿರಲಿ, ಅವರ ಒಪ್ಪಿಗೆ ಪತ್ರ ಕೈಯಲ್ಲಿ ಇರಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳ ಪ್ರಕಾರ ಪೊಟ್ಟಣ ಮಾರುವ ಕಂಪನಿಗಳಿಗೆ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಇದೆ. ಆ ಲೆಕ್ಕದಲ್ಲಿ ಸಾಗಣೆ ವೆಚ್ಚ ಸಿಗುತ್ತದೆಯೇ ಎಂದು ಘಟಕದವರನ್ನೇ ಕೇಳಿ, ಹಾಗೂ ತೂಕದ ಚೀಟಿ ಇಲ್ಲದೆ ಒಂದು ಲೋಡನ್ನೂ ಕಳಿಸಬೇಡಿ.

ನೀವು ಕೇಳಿದ ಅಳತೆಯೇ ತಪ್ಪು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ದಿನಕ್ಕೆ ಸಾವಿರ ಜನ ಬೇಡ. ಅಮೆರಿಕದ ಟೆಕ್ಸಾಸ್‌ನಲ್ಲಿ 1985ರಲ್ಲಿ ಶುರುವಾದ ಹೆದ್ದಾರಿ ದತ್ತು ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿ ಉಳಿದದ್ದಕ್ಕೆ ಕಾರಣ ಅದರ ಸಣ್ಣ ಅಳತೆ: ಒಂದು ಗುಂಪಿಗೆ ಎರಡು ಮೈಲಿ ರಸ್ತೆ, ವರ್ಷಕ್ಕೆ ನಾಲ್ಕು ಸಲ, ಎರಡು ವರ್ಷದ ಒಪ್ಪಂದ. ಕೊಡಗಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮೂರು ಕಿಲೋಮೀಟರ್, ಇಪ್ಪತ್ತು ಜನ, ಅಂದರೆ ನಾಲ್ಕು ತಂಡ, ಒಂದು ಪಿಕಪ್. ಇಷ್ಟಾದರೆ ಬರುವ 40 ಚೀಲವನ್ನು ಪಂಚಾಯಿತಿ ಶೆಡ್ಡು ಒಂದೇ ವಾರದಲ್ಲಿ ಅರಗಿಸಿಕೊಳ್ಳುತ್ತದೆ. ಹೋಮ್‌ಸ್ಟೇ ಮಾಲೀಕರು, ತೋಟದವರು, ಕೊಡವ ಸಮಾಜ, ಗೌಡ ಸಮಾಜ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಆಟೋ ಚಾಲಕರ ಸಂಘ, ಹೀಗೆ ಯಾರು ಯಾವ ರಸ್ತೆಯಲ್ಲಿ ದಿನವೂ ಓಡಾಡುತ್ತಾರೋ ಅವರಿಗೆ ಆ ರಸ್ತೆ. ದಿನವೂ ನೋಡುವವರಿಗೆ ಮಾತ್ರ ಯಾವ ತಿರುವಿನಲ್ಲಿ ಕಾರು ನಿಲ್ಲಿಸಿ ಕುಡಿಯುತ್ತಾರೆ ಎಂಬುದು ಗೊತ್ತಿರುತ್ತದೆ.

ದಿನಾಂಕದ ವಿಷಯ. ಸೆಪ್ಟೆಂಬರ್ ಮೂರನೇ ಶನಿವಾರ ಜಗತ್ತಿನ ಕಡಲತೀರಗಳಲ್ಲಿ ಸ್ವಚ್ಛತೆ ನಡೆಯುತ್ತದೆ ಎಂದು ನಾವೂ ಅಂದೇ ಮಾಡುವುದು ಬೇಡ. ಆಗ ಇಲ್ಲಿ ಮಳೆ, ಜಿಗಣೆ, ಒದ್ದೆ ಕಸ. ಅಕ್ಟೋಬರ್ 2 ಎಲ್ಲರಿಗೂ ಇಷ್ಟ, ಆದರೆ ಎರಡು ವಾರ ಕಳೆದರೆ ತುಲಾ ಸಂಕ್ರಮಣಕ್ಕೆ ಭಾಗಮಂಡಲ, ತಲಕಾವೇರಿ ರಸ್ತೆ ಮತ್ತೆ ತುಂಬುತ್ತದೆ. ಆ ಭಾಗದವರು ಸಂಕ್ರಮಣ ಮುಗಿದ ವಾರ ಇಟ್ಟುಕೊಳ್ಳಿ. ಡಿಸೆಂಬರಿನಿಂದ ಕಾಫಿ ಕುಯ್ಲು ಬಿರುಸಾದರೆ ಪಿಕಪ್ಪೂ ಸಿಗದು, ಜನವೂ ಸಿಗರು. ನನ್ನ ಆಯ್ಕೆ ನವೆಂಬರ್ ಒಂದು ಸಲ, ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಇನ್ನೊಂದು ಸಲ. ಮೇ ತಿಂಗಳದ್ದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಜೂನ್ ಮಳೆ ಚರಂಡಿ ಕಸವನ್ನೆಲ್ಲ ಹೊಳೆಗೆ ತಳ್ಳುವ ಮೊದಲು ಸಿಗುವ ಕೊನೆಯ ಅವಕಾಶ ಅದು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ, ಆಮೇಲೆ ಪ್ರವಾಸಿಗರ ಕಾರು ನುಗ್ಗುತ್ತವೆ. ಘಟ್ಟದ ತಿರುವಿನಲ್ಲಿ ಮಂಜಿದ್ದರೆ ಮಂಜು ಕರಗುವವರೆಗೆ ಕಾಯಿರಿ, ಎಲ್ಲರಿಗೂ ಹೊಳೆಯುವ ಜಾಕೆಟ್ ಇರಲಿ. ಮಾಕುಟ್ಟದಂಥ ಕಾಡಿನ ರಸ್ತೆಯಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಕಸ ಎತ್ತಲು ಹೋದರೂ ಅಷ್ಟೇ. ಅಲ್ಲಿ ಹೊರಗಿನಿಂದ ಲಾರಿಯಲ್ಲಿ ತಂದು ಸುರಿದ ರಾಶಿ ಕಂಡರೆ ಮುಟ್ಟದೆ ಫೋಟೋ ತೆಗೆಯಿರಿ. ರಾಶಿಯಲ್ಲಿ ಬಿಲ್ಲು, ವಿಳಾಸದ ಚೀಟಿ ಕಂಡರೆ ಪಂಚಾಯಿತಿ ಮತ್ತು ಪೊಲೀಸರಿಗೆ ದೂರು ಕೊಡಿ. ಅದು ಸಾಕ್ಷ್ಯ, ನೀವು ಎತ್ತಿಬಿಟ್ಟರೆ ಕೇಸೇ ಇಲ್ಲ.

ದೊಡ್ಡ ಸಭೆ ಮಾಡಿಯೇ ಶುರು ಮಾಡಬೇಕೆಂದರೆ ಇನ್ನೊಂದು ಮಾತು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿಯ ಕಸವನ್ನು ಆಯೋಜಕರೇ ವಿಂಗಡಿಸಿ ಒಪ್ಪಿಸಬೇಕು ಎಂದು ಬರೆದಿತ್ತು; ಈಗ ಜಾರಿಯಲ್ಲಿರುವ ನಿಯಮ ಏನೆನ್ನುತ್ತದೆ ಎಂದು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. ಉಪಾಹಾರಕ್ಕೆ ಸ್ಟೀಲ್ ತಟ್ಟೆ, ಲೋಟ ಬಾಡಿಗೆಗೆ ತನ್ನಿ, ನೀರಿಗೆ ಕ್ಯಾನ್ ಇಡಿ.

ಈಗ ನೀವು ಕೇಳಿದ ಲೆಕ್ಕ, ಇಪ್ಪತ್ತು ಜನರ ಮೂರು ಕಿಲೋಮೀಟರಿಗೆ. ಖಾಲಿ ಗೊಬ್ಬರದ ಅಥವಾ ಅಕ್ಕಿ ಚೀಲ 50. ಹತ್ತು ಹೆಚ್ಚಿಗೆ ಇರುವುದು ಹರಿದದ್ದಕ್ಕೆ ಬದಲಿಯಾಗಿ. ಕಪ್ಪು ಕಸದ ಕವರ್ ಕೊಳ್ಳಬೇಡಿ, ಲಂಟಾನ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ, ಒಳಗಿರುವುದೂ ಕಾಣದು. ಅಂಗೈಗೆ ರಬ್ಬರ್ ಲೇಪನ ಇರುವ ಹತ್ತಿ ಕೈಗವಸು 25 ಜೊತೆ, ಒಗೆದು ಮತ್ತೆ ಬಳಸಬಹುದು. ಆಸ್ಪತ್ರೆಯ ತೆಳು ಕೈಗವಸು ಹತ್ತು ನಿಮಿಷವೂ ಬಾಳದು. ಉದ್ದ ಹಿಡಿಯ ಇಕ್ಕಳ ಎಂಟು. ನೇತುಹಾಕುವ ತಕ್ಕಡಿ ಒಂದು, 50 ಕೆ.ಜಿ. ತೂಗುವಂಥದ್ದು. ಸೂಜಿಗೆ ಡಬ್ಬಿ ನಾಲ್ಕು, ತಂಡಕ್ಕೊಂದು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಒಂದು. ಗಾಜು ಕೊಯ್ದವರನ್ನು ಅಂದೇ ಧನುರ್ವಾಯು ತಡೆಯುವ ಚುಚ್ಚುಮದ್ದಿಗೆ ಕಳಿಸಿ. ಚೀಲದ ಬಾಯಿ ಕಟ್ಟಲು ಸೆಣಬಿನ ಹುರಿ, ಬಗೆ ಗುರುತಿಸಲು ನಾಲ್ಕು ಬಣ್ಣದ ಬಟ್ಟೆಚೂರು. ಪುಸ್ತಕವೊಂದರಲ್ಲಿ ರಸ್ತೆ, ದಿನಾಂಕ, ಬಗೆವಾರು ತೂಕ, ಹೆಚ್ಚು ಸಿಕ್ಕ ಪೊಟ್ಟಣಗಳ ಬ್ರಾಂಡ್ ಹೆಸರು ಬರೆಯಿರಿ. ನಾಲ್ಕು ಸಲದ ತೂಕ ಕೈಯಲ್ಲಿದ್ದರೆ ಯಾವ ತಿರುವಿಗೆ ಕ್ಯಾಮೆರಾ, ಯಾವ ಅಂಗಡಿಗೆ ನೋಟಿಸ್ ಎಂದು ಪಂಚಾಯಿತಿಯನ್ನು ಒತ್ತಾಯಿಸಬಹುದು. ಟೀ ಶರ್ಟ್ ಬೇಡ. ಬ್ಯಾನರ್ ಬೇಕೇ ಬೇಕು ಎಂದರೆ ಬಟ್ಟೆಯದು ಬರೆಸಿ, ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಿಂದಲೇ ನಿಷೇಧದಲ್ಲಿದೆ.